ಕ್ಲೌಡ್ ಆಂಕರ್ ತಿಂಗಳುಗಟ್ಟಲೆ ಉಳಿಯಬೇಕಾದರೆ: ಅನುಭವ ಹಂಚಿಕೆ

ಕೇಳಿದ್ದು:

ನಮ್ಮ ಕಾಲೇಜಿನ ಸಂಗ್ರಹಾಲಯದಲ್ಲಿ ಕೆಲವು ವೀರಗಲ್ಲುಗಳೂ ಶಾಸನಗಳೂ ಇವೆ. ಫೋನ್ ಹಿಡಿದರೆ ಪ್ರತಿ ಕಲ್ಲಿನ ಪಕ್ಕದಲ್ಲಿ ಅದರ ಪಾಠ ಮತ್ತು ವಿವರಣೆ ಕನ್ನಡದಲ್ಲಿ ಕಾಣುವಂಥ ಆ್ಯಪ್ ಒಂದನ್ನು ಯೂನಿಟಿ (ಆಟ, ಆ್ಯಪ್ ಕಟ್ಟುವ ತಂತ್ರಾಂಶ) ಮತ್ತು ಅದರ ಎಆರ್ ಫೌಂಡೇಶನ್ (ಕ್ಯಾಮೆರಾ ದೃಶ್ಯದ ಮೇಲೆ ಡಿಜಿಟಲ್ ವಸ್ತು ಕೂರಿಸುವ ಸೌಲಭ್ಯ) ಬಳಸಿ ಸಿದ್ಧಪಡಿಸುತ್ತಿದ್ದೇವೆ. ಗೂಗಲ್ ಎಆರ್‌ಕೋರ್‌ನ ಕ್ಲೌಡ್ ಆಂಕರ್ (ಒಂದು ಜಾಗದ ಗುರುತನ್ನು ಸರ್ವರಿನಲ್ಲಿ ಉಳಿಸಿ, ಬೇರೆ ಫೋನುಗಳಿಗೂ ಅದೇ ಜಾಗ ತೋರಿಸುವ ಸೌಲಭ್ಯ) ಸೇರಿಸಿದ್ದೇವೆ, ಆದರೆ ಇಟ್ಟ ಫಲಕಗಳು ಮರುದಿನ ಸಿಗುವುದಿಲ್ಲ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ತಿಂಗಳುಗಟ್ಟಲೆ ಉಳಿಯುವಂತೆ ಮಾಡಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಮೊದಲ ಉತ್ತರ:

ಮರುದಿನ ಸಿಗದಿರುವುದು ನಿಮ್ಮ ಕೋಡಿನ ದೋಷವಲ್ಲ. ಗೂಗಲ್ ಕ್ಲೌಡ್‌ನಿಂದ ಪಡೆದ ಎಪಿಐ ಕೀ (ಸೇವೆ ಬಳಸಲು ಆ್ಯಪ್ ತೋರಿಸುವ ಸಂಕೇತ) ಬಳಸಿ ಹೋಸ್ಟ್ ಮಾಡಿದ, ಅಂದರೆ ಸರ್ವರಿನಲ್ಲಿ ಉಳಿಸಿದ, ಆಂಕರಿಗೆ ಗರಿಷ್ಠ ಆಯುಷ್ಯವೇ 1 ದಿನ. 365 ದಿನಗಳವರೆಗೆ ಇಡಬೇಕಾದರೆ ಕೀ ಇಲ್ಲದ ದೃಢೀಕರಣಕ್ಕೆ ಹೋಗಬೇಕು. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಆ್ಯಪ್‌ನ ಪ್ಯಾಕೇಜ್ ಹೆಸರು ಮತ್ತು ಸಹಿಯ ಎಸ್‌ಎಚ್‌ಎ-1 ಬೆರಳಚ್ಚನ್ನು (ಆ ಸಹಿಯನ್ನು ಗುರುತಿಸುವ ಸಂಕೇತ) ಕೊಟ್ಟು ಓಆತ್ ಕ್ಲೈಂಟ್ (ಗೂಗಲ್ ಕ್ಲೌಡಿನಲ್ಲಿ ಆ್ಯಪ್ ಅನ್ನು ಗುರುತಿಸುವ ದಾಖಲೆ) ಒಂದನ್ನು ನೋಂದಾಯಿಸಿದರೆ ಸಾಕು. ಇಲ್ಲಿ ಒಂದು ಮಾತು ಮುಖ್ಯ: ಪ್ಲೇ ಸ್ಟೋರ್ ತಾನೇ ಸಹಿ ಹಾಕುವ ವ್ಯವಸ್ಥೆಯನ್ನು ನೀವು ಬಳಸುತ್ತಿದ್ದರೆ, ನಿಮ್ಮ ಕಂಪ್ಯೂಟರಿನಲ್ಲಿ ತಯಾರಾದ ಆ್ಯಪ್‌ನ ಬೆರಳಚ್ಚೇ ಬೇರೆ, ಸ್ಟೋರಿನಿಂದ ಇಳಿಸಿಕೊಂಡ ಆ್ಯಪ್‌ನದೇ ಬೇರೆ. ಎರಡನ್ನೂ ನೋಂದಾಯಿಸದಿದ್ದರೆ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿದ್ದು, ಬಿಡುಗಡೆಯಾದ ಮೇಲೆ ಅನುಮತಿ ಇಲ್ಲವೆಂಬ ದೋಷ ಬರುತ್ತದೆ, ಮತ್ತು ಕಾರಣ ಹುಡುಕಲು ಬಹಳ ಹೊತ್ತು ಹಿಡಿಯುತ್ತದೆ.

ಐಫೋನಿನಲ್ಲಿ ಸರ್ವಿಸ್ ಅಕೌಂಟಿನಿಂದ (ಮನುಷ್ಯರ ಬದಲು ಪ್ರೋಗ್ರಾಂ ಬಳಸುವ ಗೂಗಲ್ ಖಾತೆ) ಸಹಿ ಮಾಡಿದ ಟೋಕನ್ (ತಾತ್ಕಾಲಿಕ ಅನುಮತಿ ಚೀಟಿ) ಬೇಕು. ಅದರ ಖಾಸಗಿ ಕೀಲಿಯನ್ನು ಆ್ಯಪ್‌ನೊಳಗೆ ಎಂದಿಗೂ ಇಡಬೇಡಿ. ನಿಮ್ಮದೇ ಸರ್ವರಿನಲ್ಲಿ ಟೋಕನ್ ತಯಾರಿಸಿ, ಆ್ಯಪ್ ಅದನ್ನು ಕೇಳಿ ಪಡೆಯುವಂತೆ ಮಾಡಿ. ಟೋಕನ್ ಒಂದು ಗಂಟೆಗಿಂತ ಹೆಚ್ಚು ಬಾಳುವುದಿಲ್ಲವಾದ್ದರಿಂದ ಅವಧಿ ಮುಗಿಯುವ ಮೊದಲೇ ಹೊಸದನ್ನು ತರಿಸಿಕೊಳ್ಳುವ ಏರ್ಪಾಡೂ ಇರಲಿ. ಎರಡೂ ಆ್ಯಪ್‌ಗಳು ಒಂದೇ ಕ್ಲೌಡ್ ಪ್ರಾಜೆಕ್ಟಿಗೆ ಸೇರಿದ್ದರೆ, ಆಂಡ್ರಾಯ್ಡ್‌ನಲ್ಲಿ ಇಟ್ಟ ಆಂಕರ್ ಐಫೋನಿನಲ್ಲೂ ಸಿಗುತ್ತದೆ.

ಎರಡನೆಯ ಉತ್ತರ:

ಮೇಲಿನವರು ಹೇಳಿದ್ದನ್ನು ಮಾಡಿದರೆ ಆಂಕರ್ ಉಳಿಯುತ್ತದೆ, ಆದರೆ ಉಳಿದ ಆಂಕರ್ ಮತ್ತೆ ಸಿಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ನನ್ನ ಅನುಭವದಲ್ಲಿ ಅದು ಬಹುಮಟ್ಟಿಗೆ ಹೋಸ್ಟ್ ಮಾಡುವ ಗಳಿಗೆಯಲ್ಲೇ ನಿರ್ಧಾರವಾಗಿಬಿಡುತ್ತದೆ. ನೀವು ಹೋಸ್ಟ್ ಎಂದಾಗ ಎಆರ್‌ಕೋರ್ ಅದಕ್ಕೆ ಹಿಂದಿನ ಸುಮಾರು 30 ಸೆಕೆಂಡುಗಳಲ್ಲಿ ಕ್ಯಾಮೆರಾ ಕಂಡದ್ದರಿಂದ ಆ ಜಾಗದ ದೃಶ್ಯಲಕ್ಷಣಗಳ ಮೂರು ಆಯಾಮದ ನಕ್ಷೆಯೊಂದನ್ನು ಸರ್ವರಿನಲ್ಲಿ ಕಟ್ಟುತ್ತದೆ. ಮುಂದೆ ಬೇರೊಬ್ಬರ ಫೋನ್ ತಾನು ಕಾಣುತ್ತಿರುವುದನ್ನು ಆ ನಕ್ಷೆಯೊಂದಿಗೆ ಹೋಲಿಸಿ ಜಾಗವನ್ನು ಗುರುತಿಸುತ್ತದೆ. ಆದ್ದರಿಂದ ನೀವು ನಿಂತು ನೋಡದ ಕೋನದಿಂದ ಬಂದವರಿಗೆ ನಿಮ್ಮ ಫಲಕ ಸಿಗುವ ಸಾಧ್ಯತೆ ಕಡಿಮೆ.

ಮೂರು ಹಂತದ ವೀರಗಲ್ಲೊಂದನ್ನು ತೆಗೆದುಕೊಳ್ಳಿ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಇಷ್ಟು ಕೆತ್ತನೆಯಿರುವ ಕಲ್ಲು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಹಿಂದಿನ ಸುಣ್ಣ ಬಳಿದ ಗೋಡೆಯಿಂದ ಮಾತ್ರ ಏನೂ ಪ್ರಯೋಜನವಿಲ್ಲ. ಕಲ್ಲಿನಿಂದ ಎರಡು ಹೆಜ್ಜೆ ದೂರ ನಿಂತು, ಎಡಗಡೆಯಿಂದ ಬಲಗಡೆಗೆ ಅರ್ಧವೃತ್ತದಲ್ಲಿ ನಿಧಾನವಾಗಿ ನಡೆಯಿರಿ. ಆಮೇಲೆ ಸ್ವಲ್ಪ ಕುಳಿತು ಕೆಳಗಿನ ಹಂತವನ್ನೂ, ಒಂದೆರಡು ಹೆಜ್ಜೆ ಹಿಂದೆ ಸರಿದು ಇಡೀ ಕಲ್ಲನ್ನೂ ತೋರಿಸಿ. ಶಾಲಾ ಮಕ್ಕಳು ಬರುವ ಜಾಗವಾದರೆ ಅವರ ಕಣ್ಣೆತ್ತರವನ್ನು ಬಿಡಬೇಡಿ. ನಡೆಯುತ್ತಿರುವಾಗಲೇ ನಕ್ಷೆಯ ಗುಣಮಟ್ಟವನ್ನು ಅಂದಾಜಿಸುವ ಕರೆಯೊಂದು ಎಆರ್‌ಕೋರ್‌ನಲ್ಲಿದೆ. ಅದು ಸಾಲದು, ಸಾಕು, ಚೆನ್ನಾಗಿದೆ ಎಂಬ ಮೂರರಲ್ಲಿ ಒಂದನ್ನು ಹೇಳುತ್ತದೆ, ಅದನ್ನೂ ಕ್ಯಾಮೆರಾ ಆ ಕ್ಷಣ ಇರುವ ನಿಲುವಿಗೆ ಮಾತ್ರ ಹೇಳುತ್ತದೆ. ಹಾಗಾಗಿ ಒಂದು ಕಡೆ ಚೆನ್ನಾಗಿದೆ ಎಂದು ಬಂದೊಡನೆ ಹೋಸ್ಟ್ ಮಾಡದೆ, ಜನ ನಿಲ್ಲುವ ಕೋನಗಳಿಂದಲೆಲ್ಲ ಆ ಉತ್ತರ ಬರುವವರೆಗೂ ಕಾಯಬೇಕು.

ಪ್ರತಿ ಹಂತಕ್ಕೂ ಒಂದೊಂದು ಆಂಕರ್ ಬೇಕಿಲ್ಲ. ಕಲ್ಲಿಗೊಂದು ಆಂಕರ್ ಇಟ್ಟು, ಮೂರೂ ಫಲಕಗಳನ್ನು ಅದರಿಂದ ಇಷ್ಟು ಮೇಲೆ, ಇಷ್ಟು ಪಕ್ಕಕ್ಕೆ ಎಂದು ಜೋಡಿಸಿ. ಆದರೆ ಕೋಣೆಗೆಲ್ಲ ಒಂದೇ ಆಂಕರ್ ಎಂಬ ಆಸೆ ಬೇಡ. ಆಂಕರಿನ ದಿಕ್ಕಿನಲ್ಲಿ ಒಂದೇ ಡಿಗ್ರಿ ವ್ಯತ್ಯಾಸವಾದರೂ 1 ಮೀಟರ್ ದೂರದ ಫಲಕ ಎರಡು ಸೆಂಟಿಮೀಟರಿಗಿಂತ ಕಡಿಮೆ ಸರಿಯುತ್ತದೆ, 8 ಮೀಟರ್ ದೂರದ್ದು ಸುಮಾರು 14 ಸೆಂಟಿಮೀಟರ್ ಸರಿದು ಪಕ್ಕದ ಶಾಸನದ ಮೇಲೆ ಹೋಗಿ ನಿಲ್ಲಬಹುದು. ಆಂಕರಿನಿಂದ 8 ಮೀಟರಿಗಿಂತ ದೂರದಲ್ಲಿ ಏನನ್ನೂ ಇಡಬಾರದೆಂದು ಗೂಗಲ್ ಕೂಡ ಹೇಳುತ್ತದೆ.

ಬೆಳಕಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಿಟಕಿಯಿಂದ ಬೆಳಗಿನ ಬಿಸಿಲು ಬೀಳುವ ಕಲ್ಲಿನ ಮೇಲಿನ ನೆರಳುಗಳೂ ನಕ್ಷೆಯೊಳಗೆ ಸೇರುತ್ತವೆ, ಸಂಜೆ ಅವು ಅಲ್ಲಿರುವುದಿಲ್ಲ. ಸಂಗ್ರಹಾಲಯ ತೆರೆದಿರುವ ಹೊತ್ತಿನಲ್ಲಿ, ಎಂದಿನ ದೀಪಗಳು ಉರಿಯುತ್ತಿರುವಾಗಲೇ ಹೋಸ್ಟ್ ಮಾಡಿ.

ಮೂರನೆಯ ಉತ್ತರ:

ಐಫೋನಿಗೆ ಮಾತ್ರ ಸಾಕಾಗಿದ್ದರೆ, 2018ರಲ್ಲಿ ಐಓಎಸ್ 12ರೊಂದಿಗೆ ಬಂದ, ಆಪಲ್ ಕಂಪನಿಯ ಎಆರ್‌ಕಿಟ್‌ನ ವರ್ಲ್ಡ್ ಮ್ಯಾಪ್ (ಫೋನ್ ಕಂಡ ಜಾಗದ ನಕ್ಷೆ) ಕಡತವನ್ನು ನಿಮ್ಮ ಸರ್ವರಿನಲ್ಲೇ ಇಟ್ಟುಕೊಳ್ಳಬಹುದಿತ್ತು. ನಿಮಗೆ ಎರಡೂ ಬೇಕಾದ್ದರಿಂದ ಅದು ಹೊಂದುವುದಿಲ್ಲ.

ನಾಲ್ಕನೆಯ ಉತ್ತರ:

ಹೋಸ್ಟ್ ಆದಾಗ ನಿಮಗೆ ಸಿಗುವುದು ಒಂದು ಗುರುತಿನ ಸಂಖ್ಯೆ ಮಾತ್ರ. ನಿಮ್ಮ ಫಲಕ, ಪಾಠ, ಚಿತ್ರ ಯಾವುದೂ ಅದರೊಂದಿಗೆ ಹೋಗುವುದಿಲ್ಲ. ಅದನ್ನು ಫೈರ್‌ಬೇಸ್‌ನಂಥ ನಿಮ್ಮ ಡೇಟಾಬೇಸಿನಲ್ಲಿ ಕಲ್ಲಿನ ಸಂಖ್ಯೆಯ ಎದುರಿಗೆ ಬರೆದಿಡಬೇಕು. ಅದರೊಡನೆ ಆಂಕರ್ ಕಲ್ಲಿನ ಯಾವ ಮೂಲೆಯಲ್ಲಿದೆ, ಫಲಕಗಳು ಅಲ್ಲಿಂದ ಎಷ್ಟು ದೂರ, ಹೋಸ್ಟ್ ಮಾಡಿದ ದಿನ, ಮುಗಿಯುವ ದಿನ, ಮತ್ತು ಆ ಜಾಗದ ಒಂದು ಫೋಟೋ ಕೂಡ ಇರಲಿ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೈಕ್ರೋಸಾಫ್ಟ್ 2019ರಲ್ಲಿ ಪ್ರಕಟಿಸಿದ ಅಜೂರ್ ಸ್ಪೇಷಿಯಲ್ ಆಂಕರ್ಸ್ ಸೇವೆ 2024ರ ನವೆಂಬರ್ 20ರಂದು ನಿಂತುಹೋಯಿತು. ಹಾಗೆ ಸೇವೆಯೇ ನಿಂತಾಗ ಅಲ್ಲಿದ್ದ ಆಂಕರುಗಳು ಉಳಿಯುವುದಿಲ್ಲ, ಆದರೆ ಮೇಲಿನ ವಿವರಗಳು ಕೈಯಲ್ಲಿದ್ದರೆ ಇನ್ನೊಂದು ಸೇವೆಯಲ್ಲಿ ಅವನ್ನು ಮತ್ತೆ ಕೂರಿಸುವುದು ಕಲ್ಲುಗಳ ಮುಂದೆ ಮತ್ತೊಮ್ಮೆ ನಡೆದಾಡುವಷ್ಟೇ ಕೆಲಸ.

ಅವಧಿ ಮುಗಿಯುವ ಮೊದಲೇ ಗೂಗಲ್‌ನ ನಿರ್ವಹಣಾ ಎಪಿಐ ಮೂಲಕ ಆಯುಷ್ಯವನ್ನು ವಿಸ್ತರಿಸಬಹುದು. ಪ್ರತಿ ಆಂಕರ್ ಕೊನೆಯ ಬಾರಿ ಯಾವಾಗ ಪತ್ತೆಯಾಯಿತು ಎಂಬುದನ್ನೂ ಅದು ತೋರಿಸುತ್ತದೆ. ಜನ ಓಡಾಡುವ ಜಾಗದ ಆಂಕರ್ ವಾರಗಟ್ಟಲೆ ಯಾರಿಗೂ ಸಿಗದಿದ್ದರೆ, ಅಲ್ಲಿ ಏನೋ ಬದಲಾಗಿದೆ ಎಂದು ತಿಳಿದು ಹೋಗಿ ನೋಡುವುದು ಒಳ್ಳೆಯದು.

ಕೇಳಿದವರ ಮರುಪ್ರಶ್ನೆ:

ಎಲ್ಲರಿಗೂ ಧನ್ಯವಾದಗಳು. ತಾಮ್ರಶಾಸನಗಳು ಗಾಜಿನ ಪೆಟ್ಟಿಗೆಯಲ್ಲಿವೆ. ಅಲ್ಲೂ ಇದೇ ಕ್ರಮ ನಡೆಯುತ್ತದೆಯೇ?

ಎರಡನೆಯವರ ಉತ್ತರ:

ಅಲ್ಲಿ ನಾನು ಆಂಕರನ್ನು ನೆಚ್ಚುವುದಿಲ್ಲ. ಗಾಜಿನಲ್ಲಿ ಕಾಣುವ ಪ್ರತಿಬಿಂಬ ನೋಡುವವರೊಂದಿಗೇ ಚಲಿಸುತ್ತದೆ, ಆದ್ದರಿಂದ ನಕ್ಷೆ ಕೆಡುತ್ತದೆ. ಪೆಟ್ಟಿಗೆಯ ಪಕ್ಕದಲ್ಲಿ ಹೊಳಪಿಲ್ಲದ ಕಾಗದದ ಮೇಲೆ ಮುದ್ರಿಸಿದ, ವಿವರ ತುಂಬಿದ ಚಿತ್ರಫಲಕವೊಂದನ್ನು ಅಂಟಿಸಿ, ಎಆರ್ ಫೌಂಡೇಶನ್‌ನ ಚಿತ್ರ ಗುರುತಿಸುವ ಸೌಲಭ್ಯದಿಂದ ವಿವರಣೆಯನ್ನು ಅದಕ್ಕೆ ಜೋಡಿಸಿ. ಇದಕ್ಕೆ ಇಂಟರ್‌ನೆಟ್ ಕೂಡ ಬೇಕಿಲ್ಲ. ಕಲ್ಲಿನ ಗೋಡೆಗಳ ನಡುವೆ ಸಿಗ್ನಲ್ ದುರ್ಬಲವಾಗಿದ್ದರೆ, ಕ್ಲೌಡ್ ಆಂಕರ್ ಸಿಗದಿದ್ದಾಗಿನ ಬದಲಿ ದಾರಿಯಾಗಿ ವೀರಗಲ್ಲುಗಳ ಬಳಿಯೂ ಇಂಥದ್ದೊಂದನ್ನು ಇಡಿ.