ನಿಹಾಲನ ಹುಟ್ಟುಹಬ್ಬದ ಫೋಟೊಗಳು

ಹೊಸಮನೆ ಕುಟುಂಬ (ವಾಟ್ಸಾಪ್ ಗುಂಪು)

ಪ್ರಕಾಶ: ನಿಹಾಲನ ಹುಟ್ಟುಹಬ್ಬವನ್ನು ಈ ಸಲ ಹೋಟೆಲಿನಲ್ಲಿ ಮಾಡಲಿಲ್ಲ. ಅನಾಥಾಲಯದ ಮಕ್ಕಳ ಜೊತೆ ಆಚರಿಸಿದೆವು. ಎಲ್ಲರೂ ಹರಸಿ. [ಫೋಟೊಗಳು]

ಮೈಸೂರು ಅತ್ತೆ: ಬಹಳ ಸಂತೋಷವಾಯಿತು ಪ್ರಕಾಶ. ಮಗುವಿಗೆ ಈಗಲೇ ಕೊಡುವ ಬುದ್ಧಿ ಬಂದಿದೆ. ನೂರ್ಕಾಲ ಬಾಳಲಿ.

ಸುಧಾ: ನಿಹಾಲನಿಗೆ ನನ್ನ ಆಶೀರ್ವಾದ, ಪ್ರಕಾಶಣ್ಣ. ಆದರೆ ಮೂರನೆಯ ಫೋಟೊ ನೋಡಿ ಮನಸ್ಸಿಗೆ ಕಸಿವಿಸಿಯಾಯಿತು. ನಿಹಾಲ ಕೇಕಿನ ತುಂಡನ್ನು ಒಬ್ಬ ಹುಡುಗನ ಬಾಯಿಯ ಹತ್ತಿರ ಹಿಡಿದಿದ್ದಾನೆ. ಆ ಹುಡುಗ ಬಾಯಿ ತೆರೆದುಕೊಂಡೇ ಇದ್ದಾನೆ. ಇಬ್ಬರೂ ನೋಡುತ್ತಿರುವುದು ನಿನ್ನ ಮೊಬೈಲನ್ನು. ಅವನಿಗೂ ನಿಹಾಲನಷ್ಟೇ ವಯಸ್ಸು, ಕೇಕನ್ನು ತಾನೇ ತಿನ್ನಬಲ್ಲ. ಆ ಮಕ್ಕಳ ಮುಖ ಕಾಣುವ ಫೋಟೊಗಳನ್ನು ದಯವಿಟ್ಟು ಅಳಿಸಿಬಿಡು.

ಪ್ರಕಾಶ: ಒಳ್ಳೆಯ ಕೆಲಸದಲ್ಲೂ ಹುಳುಕು ಹುಡುಕುತ್ತೀಯಲ್ಲ ಸುಧಾ. ನಾಲ್ಕು ಜನ ನೋಡಿ ತಾವೂ ಹೋಗಲಿ ಎಂದೇ ಫೇಸ್‌ಬುಕ್‌ಗೂ ಹಾಕಿದ್ದೇನೆ. ಮಠಗಳಲ್ಲಿ ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದಿಲ್ಲವೇ?

ಸುಧಾ: ಕೆತ್ತಿಸುವುದು ಕೊಟ್ಟವರ ಹೆಸರನ್ನು, ಉಂಡವರದ್ದನ್ನಲ್ಲ. ತುಮಕೂರಿನ ಸಿದ್ಧಗಂಗಾ ಮಠಕ್ಕೆ ಸುತ್ತಲಿನ ಊರುಗಳ ರೈತರು ರಾಗಿ, ಕಾಳು ಕೊಡುತ್ತಾರೆ. ಸಾವಿರಾರು ಮಕ್ಕಳು ಅಲ್ಲಿ ಉಂಡು ಓದುತ್ತಾರೆ. ಯಾರ ಹೊಲದ ರಾಗಿ ಯಾವ ಹುಡುಗನ ತಟ್ಟೆಗೆ ಬಿತ್ತು ಎಂದು ಯಾರು ಕೇಳುತ್ತಾರೆ?
ಇನ್ನು ಫೇಸ್‌ಬುಕ್ ಮಾತು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತು ಸಿಗುವಂತೆ ಹೆಸರು, ವಿಳಾಸ, ಚಿತ್ರ ಯಾವುದನ್ನೂ ಪ್ರಕಟಿಸುವಂತಿಲ್ಲ. 6 ತಿಂಗಳವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಮೊದಲು ಅದನ್ನು ತೆಗೆ.

ಕಿರಣ: ಹೀಗೆ ಕಾನೂನು ಹಿಡಿದು ಹೆದರಿಸಿದರೆ ಯಾರೂ ಅತ್ತ ಸುಳಿಯುವುದಿಲ್ಲ ಸುಧಕ್ಕ. ಅಪಾರ್ಟ್‌ಮೆಂಟಿನಲ್ಲಿ ಬೆಳೆಯುವ ಮಕ್ಕಳಿಗೆ ಬಡತನ ಎಂದರೆ ಏನೆಂದು ಮತ್ತೆ ಹೇಗೆ ತೋರಿಸುವುದು?

ಸುಧಾ: ತೋರಿಸಲೆಂದು ಕರೆದೊಯ್ಯುವುದನ್ನೇ ನಾನು ಒಪ್ಪುವುದಿಲ್ಲ. ಆ ಮಕ್ಕಳು ಪ್ರದರ್ಶನಕ್ಕೆ ಇಟ್ಟವರಲ್ಲ. ನಿಮ್ಮ ಮನೆಯಲ್ಲಿ ಕೆಲಸ ಮಾಡುವವರ ಮಗಳಿಗೆ ಶಾಲೆಯ ಶುಲ್ಕ ಕಟ್ಟುವಾಗ ಮಗನೂ ಪಕ್ಕದಲ್ಲಿರಲಿ. ಅವನ ಉಳಿತಾಯದ ಹುಂಡಿಯಿಂದ ಎಷ್ಟು ಕೊಡಬೇಕೆಂದು ಅವನೇ ಹೇಳಲಿ. ಅಪ್ಪನ ದುಡ್ಡಿನ ಕೇಕು ಹಂಚುವುದರಲ್ಲಿ ಮಗು ಬಿಟ್ಟುಕೊಟ್ಟದ್ದೇನು?

ದೊಡ್ಡಪ್ಪ: ನಿಮಗೆ ಯಾರಿಗೂ ತಿಳಿಯದ ಒಂದು ವಿಷಯ ಹೇಳುತ್ತೇನೆ. ನಿಮ್ಮ ತಾತ ಮೈಸೂರಿನಲ್ಲಿ ಓದಿದ್ದು ವಾರಾನ್ನದಲ್ಲಿ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಒಂದು ಮನೆಯ ಯಜಮಾನರು ನೆಂಟರು ಬಂದಾಗಲೆಲ್ಲ ಕೈ ತೋರಿಸಿ, 'ಇವನು ನಮ್ಮ ವಾರದ ಹುಡುಗ' ಎನ್ನುತ್ತಿದ್ದರಂತೆ. ಅನ್ನಕ್ಕೆ ಕೊರತೆಯಿರಲಿಲ್ಲ. ಆದರೂ ಆ ದಿನ ಬಂತೆಂದರೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಗುರುವಾರದ ಮನೆಯಲ್ಲಿ ಬರೀ ಸಾರು, ಮಜ್ಜಿಗೆ. ಅಲ್ಲಿನ ತಾಯಿ ತಮ್ಮ ಮಕ್ಕಳ ಪಂಕ್ತಿಯಲ್ಲೇ ಎಲೆ ಹಾಕುತ್ತಿದ್ದರು. ತಡವಾಗಿ ಹೋದರೆ ಮಕ್ಕಳಿಗೆ ಬೈದಂತೆ ಅಪ್ಪನಿಗೂ ಬೈಯುತ್ತಿದ್ದರು. ಕೆಲಸ ಸಿಕ್ಕಿ ಮೊದಲ ಸಂಬಳ ಬಂದಾಗ ಅಪ್ಪ ಸೀರೆ ಕೊಂಡೊಯ್ದದ್ದು ಆ ತಾಯಿಗೆ. ಸುಧಾ ಹೇಳುತ್ತಿರುವುದು ಸರಿ ಪ್ರಕಾಶ.

ಮೈಸೂರು ಅತ್ತೆ: ಅಣ್ಣ, ಅಪ್ಪ ನನ್ನ ಹತ್ತಿರ ಇದನ್ನು ಹೇಳಿರಲೇ ಇಲ್ಲ.

ಪ್ರಕಾಶ: ಫೇಸ್‌ಬುಕ್‌ನಿಂದ ತೆಗೆದಿದ್ದೇನೆ ದೊಡ್ಡಪ್ಪ, ಇಲ್ಲಿಂದಲೂ ತೆಗೆಯುತ್ತೇನೆ. ಆದರೆ ನಿಹಾಲನನ್ನು ಕರೆದುಕೊಂಡು ಹೋದದ್ದು ತಪ್ಪೆಂದು ನಾನು ಒಪ್ಪುವುದಿಲ್ಲ. ಊಟವಾದ ಮೇಲೆ ಅಲ್ಲಿನ ಹುಡುಗರ ಜೊತೆ ಕೇರಂ ಆಡಿ ಸೋತ. ಮತ್ತೆ ಯಾವಾಗ ಹೋಗುವುದು ಎಂದು ಕೇಳುತ್ತಲೇ ಇದ್ದಾನೆ.

ಸುಧಾ: ಹಾಗಾದರೆ ಖಂಡಿತ ಕರೆದುಕೊಂಡು ಹೋಗು, ಹುಟ್ಟುಹಬ್ಬವೇ ಆಗಬೇಕೆಂದಿಲ್ಲ. ಮೇಲ್ವಿಚಾರಕರಿಗೆ ಮೊದಲೇ ಫೋನ್ ಮಾಡಿ ಏನು ಬೇಕೆಂದು ಕೇಳು. ಹಬ್ಬಹರಿದಿನಗಳಲ್ಲಿ ಸಿಹಿ ತರುವವರು ಬಹಳ ಜನ, ಜೂನ್‌ನಲ್ಲಿ ಶೂ, ನೋಟ್‌ಬುಕ್ ಬೇಕೇ ಎಂದು ಕೇಳುವವರು ಕಡಿಮೆ.

ಪ್ರಕಾಶ: ಸೋಮವಾರ ಫೋನ್ ಮಾಡುತ್ತೇನೆ. ಶೂ ಅಳತೆಯ ಪಟ್ಟಿಯನ್ನು ನಿಹಾಲನ ಕೈಯಲ್ಲೇ ಬರೆಸುತ್ತೇನೆ.

ಮೈಸೂರು ಅತ್ತೆ: ನನ್ನ ಪಾಲಿನ ಹಣವನ್ನೂ ಕಳಿಸುತ್ತೇನೆ. ನನ್ನ ಹೆಸರು ಎಲ್ಲಿಯೂ ಹಾಕಬೇಡ.