ರಾತ್ರಿಯಾದರೆ ಬೆಂಗಳೂರಿನ ಸರ್ವರ್ ತಡವಾಗಿ ಸ್ಪಂದಿಸುತ್ತದೆ: ಟ್ರೇಸ್‌ರೂಟ್ ಫಲಿತಾಂಶವನ್ನು ಓದುವುದು ಹೇಗೆ?

ಬಟವಾಡಿ ನಿವಾಸಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಬಟವಾಡಿಯಲ್ಲಿದ್ದು, ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ವಿಪಿಎನ್ ಹಾಕಿಕೊಂಡು, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಕಚೇರಿಯ ಕಂಪ್ಯೂಟರಿನಲ್ಲಿ ಕೆಲಸ ಮಾಡಬೇಕು. ಹಗಲಿನಲ್ಲಿ ಯಾವ ತೊಂದರೆಯೂ ಇಲ್ಲ. ರಾತ್ರಿ ಎಂಟು ಗಂಟೆಯಿಂದ ಹನ್ನೊಂದರವರೆಗೆ ಮಾತ್ರ, ಒತ್ತಿದ ಅಂಕಿ ಪರದೆಯ ಮೇಲೆ ಮೂಡುವುದಕ್ಕೆ ಕಾಯುತ್ತ ಕೂರಬೇಕಾಗುತ್ತದೆ. ಜಿಎಸ್‌ಟಿ ವಿವರ ಸಲ್ಲಿಸುವ ದಿನಗಳಲ್ಲಿ ರಾತ್ರಿ ಕೆಲಸ ಮಾಡದೆ ವಿಧಿಯಿಲ್ಲದ ಕಾರಣ ಇದು ನನಗೆ ನಿಜವಾಗಿಯೂ ಕಷ್ಟ ಕೊಡುತ್ತಿದೆ.

ನಮ್ಮದು 100 ಎಂಬಿಪಿಎಸ್ ಫೈಬರ್ ಸಂಪರ್ಕ. ತೊಂದರೆಯ ಹೊತ್ತಿನಲ್ಲೇ ಸ್ಪೀಡ್ ಟೆಸ್ಟ್ ಮಾಡಿದರೂ ಪೂರ್ತಿ 100 ತೋರಿಸುತ್ತದೆ, ಯೂಟ್ಯೂಬ್ ಕೂಡ ತಡೆಯಿಲ್ಲದೆ ಓಡುತ್ತದೆ. ಕೇಬಲ್ ಆಪರೇಟರ್ ಕಡೆಯ ಹುಡುಗ ಬಂದು, ಫೈಬರಿನ ಬೆಳಕಿನ ಮಟ್ಟವನ್ನು ಅಳೆದು, ನಮ್ಮ ಕಡೆ ಎಲ್ಲವೂ ಸರಿಯಾಗಿದೆ, ತೊಂದರೆ ನಿಮ್ಮ ಕಚೇರಿಯದು ಎಂದು ಹೇಳಿ ಹೋದರು. ಕಚೇರಿಯ ಐಟಿ ವಿಭಾಗದವರು ತೊಂದರೆ ನಿಮ್ಮ ಮನೆಯ ಇಂಟರ್ನೆಟ್ಟಿನದು ಎನ್ನುತ್ತಾರೆ. ಆದ್ದರಿಂದ ವಿಪಿಎನ್ ತೆಗೆದು, ಕಚೇರಿಯ ಗೇಟ್‌ವೇ (ಕಚೇರಿ ಜಾಲದ ಪ್ರವೇಶದ್ವಾರ) ವಿಳಾಸಕ್ಕೆ, ಮಾಹಿತಿ ಸಾಗುವ ದಾರಿಯನ್ನು ಹಂತಹಂತವಾಗಿ ತೋರಿಸುವ ಟ್ರೇಸ್‌ರೂಟ್ ಪರೀಕ್ಷೆಯನ್ನು, ಅಂದರೆ ವಿಂಡೋಸಿನ ಟ್ರೇಸರ್ಟ್ ಆದೇಶವನ್ನು, ಬೆಳಗ್ಗೆ ಏಳಕ್ಕೂ ರಾತ್ರಿ ಒಂಬತ್ತಕ್ಕೂ ಓಡಿಸಿ ನೋಡಿದೆ. ಎರಡು ಹೊತ್ತಿನಲ್ಲೂ ನಡುವಿನ ವಿಳಾಸಗಳು ಅವೇ ಇದ್ದವು. ಹಾಪ್ ಎಂದರೆ ದಾರಿಯ ಒಂದೊಂದು ಹಂತ, ಸಮಯ ಮಿಲಿಸೆಕೆಂಡುಗಳಲ್ಲಿದೆ.

ಹಾಪ್ 1, ಮನೆಯ ರೂಟರ್ (192.168.1.1): ಬೆಳಗ್ಗೆ 1, ರಾತ್ರಿ 1
ಹಾಪ್ 2, 100.64ರಿಂದ ಆರಂಭವಾಗುವ ವಿಳಾಸ: ಬೆಳಗ್ಗೆ 4, ರಾತ್ರಿ 5
ಹಾಪ್ 3: ಎರಡು ಹೊತ್ತಿನಲ್ಲೂ ಬರೀ ನಕ್ಷತ್ರ ಚಿಹ್ನೆ
ಹಾಪ್ 4, ಹೆಸರಿನಲ್ಲಿ ‘ಬಿಎಲ್‌ಆರ್’ (ಬೆಂಗಳೂರು) ಇದೆ: ಬೆಳಗ್ಗೆ 6, ರಾತ್ರಿ 7
ಹಾಪ್ 5: ಬೆಳಗ್ಗೆ 61, ರಾತ್ರಿ 64
ಹಾಪ್ 6, ಹೆಸರಿನಲ್ಲಿ ‘ಎಂಎಎ’ ಇದೆ: ಬೆಳಗ್ಗೆ 14, ರಾತ್ರಿ 85
ಹಾಪ್ 7: ಬೆಳಗ್ಗೆ 15, ರಾತ್ರಿ 84
ಹಾಪ್ 8, ಮತ್ತೆ ‘ಬಿಎಲ್‌ಆರ್’: ಬೆಳಗ್ಗೆ 21, ರಾತ್ರಿ 92
ಹಾಪ್ 9, ಕಚೇರಿಯ ಗೇಟ್‌ವೇ: ಬೆಳಗ್ಗೆ 22, ರಾತ್ರಿ 93, ಆಗೊಮ್ಮೆ ಈಗೊಮ್ಮೆ ಉತ್ತರವೇ ಇಲ್ಲ

ಮೂರನೆಯ ಹಾಪ್ ಉತ್ತರವನ್ನೇ ಕೊಡುತ್ತಿಲ್ಲ, ಐದನೆಯದು ಬೆಳಗ್ಗೆಯೂ 61 ತೋರಿಸುತ್ತಿದೆ. ಇವುಗಳಲ್ಲಿ ಯಾವುದು ಕೆಟ್ಟಿದೆ? ‘ಎಂಎಎ’ ಎಂದರೆ ಚೆನ್ನೈ ಎಂದು ಎಲ್ಲೋ ಓದಿದ್ದೇನೆ. ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕಾದ ಮಾಹಿತಿ ಚೆನ್ನೈಗೆ ಏಕೆ ಹೋಗಬೇಕು? ತಿಳಿದವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.

ಚಿಂತಾಮಣಿ ನೆಟ್‌ವರ್ಕ್

ಮಾನ್ಯರೇ, ಎರಡು ಹೊತ್ತಿನ ಅಳತೆಯನ್ನು ಪಕ್ಕಪಕ್ಕದಲ್ಲಿ ಕೊಟ್ಟಿರುವುದರಿಂದ ಉತ್ತರ ಹೇಳುವುದು ಸುಲಭವಾಗಿದೆ. ಬಹಳ ಮಂದಿ ತೊಂದರೆಯ ಹೊತ್ತಿನ ಫಲಿತಾಂಶವನ್ನು ಮಾತ್ರ ಹಾಕುತ್ತಾರೆ, ಅದನ್ನು ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಮೊದಲು ಈ ಪರೀಕ್ಷೆ ನಡೆಯುವ ಬಗೆಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದು ತಿಳಿಯದೆ ಅಂಕಿಗಳನ್ನು ಓದಿದರೆ ದಾರಿ ತಪ್ಪುವುದು ಖಂಡಿತ. ಇಂಟರ್ನೆಟ್ಟಿನಲ್ಲಿ ಮಾಹಿತಿ ಐಪಿ ಪ್ಯಾಕೆಟ್ ಎಂಬ ಸಣ್ಣ ಸಣ್ಣ ಕಟ್ಟುಗಳಾಗಿ ಸಾಗುತ್ತದೆ, ಪ್ರತಿ ಪ್ಯಾಕೆಟ್ಟಿನಲ್ಲೂ ಟಿಟಿಎಲ್ ಎಂಬ ಒಂದು ಸಂಖ್ಯೆ ಇರುತ್ತದೆ. ದಾರಿಯ ಪ್ರತಿ ರೂಟರ್ ಅದರಲ್ಲಿ ಒಂದನ್ನು ಕಳೆದು ಮುಂದಕ್ಕೆ ಕಳಿಸುತ್ತದೆ, ಸಂಖ್ಯೆ ಸೊನ್ನೆಯಾದರೆ ಪ್ಯಾಕೆಟ್ಟನ್ನು ಬಿಸಾಡಿ, ಕಳಿಸಿದವರಿಗೆ ‘ಅವಧಿ ಮುಗಿಯಿತು’ ಎಂಬ ಐಸಿಎಂಪಿ (ಜಾಲದ ದೋಷ, ಸ್ಥಿತಿಗಳನ್ನು ತಿಳಿಸುವ ಬಗೆಯ) ಸಂದೇಶವನ್ನು ಹಿಂದಿರುಗಿಸುತ್ತದೆ. ಪ್ಯಾಕೆಟ್ಟುಗಳು ಜಾಲದೊಳಗೆ ಕೊನೆಯಿಲ್ಲದೆ ಸುತ್ತುತ್ತಿರಬಾರದು ಎಂಬುದಕ್ಕಾಗಿ ಮಾಡಿದ ಈ ಏರ್ಪಾಟನ್ನೇ ಬಳಸಿಕೊಂಡು 1980ರ ದಶಕದ ಕೊನೆಯಲ್ಲಿ ವ್ಯಾನ್ ಜೇಕಬ್ಸನ್ ಟ್ರೇಸ್‌ರೂಟ್ ಬರೆದರು. ಅದು ಮೊದಲು ಟಿಟಿಎಲ್ ಒಂದು, ಆಮೇಲೆ ಎರಡು, ಆಮೇಲೆ ಮೂರು ಎಂದು ಏರಿಸುತ್ತ ಹೋಗಿ, ಪ್ರತಿ ಹಂತದಲ್ಲಿ ಯಾರು ಉತ್ತರಿಸಿದರು, ಎಷ್ಟು ಹೊತ್ತಿಗೆ ಉತ್ತರಿಸಿದರು ಎಂಬುದನ್ನು ಬರೆದುಕೊಳ್ಳುತ್ತದೆ. ವಿಂಡೋಸಿನ ಟ್ರೇಸರ್ಟ್ ಐಸಿಎಂಪಿ ಪ್ಯಾಕೆಟ್ಟುಗಳನ್ನು ಕಳಿಸಿದರೆ, ಲಿನಕ್ಸಿನ ಟ್ರೇಸ್‌ರೂಟ್ ಸಾಮಾನ್ಯವಾಗಿ ಯುಡಿಪಿ ಎಂಬ ಇನ್ನೊಂದು ಬಗೆಯ ಪ್ಯಾಕೆಟ್ಟುಗಳನ್ನು ಕಳಿಸುತ್ತದೆ. ಎರಡರ ಫಲಿತಾಂಶ ಸ್ವಲ್ಪ ಬೇರೆಯಾಗಿ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದ್ದು ಇಷ್ಟು. ರೂಟರಿನ ಮುಖ್ಯ ಕೆಲಸವಾದ ಪ್ಯಾಕೆಟ್ ದಾಟಿಸುವುದನ್ನು ಅದರ ಯಂತ್ರಾಂಶವೇ ಅತಿ ವೇಗವಾಗಿ ಮಾಡುತ್ತದೆ, ಆದರೆ ‘ಅವಧಿ ಮುಗಿಯಿತು’ ಎಂಬ ಉತ್ತರವನ್ನು ಅದರ ಪ್ರೊಸೆಸರ್ ಬಿಡುವಾದಾಗ ಬರೆಯುತ್ತದೆ. ಕ್ಯಾತ್ಸಂದ್ರದ ಟೋಲ್‌ನಲ್ಲಿ ಫಾಸ್ಟ್ಯಾಗ್ ವಾಹನಗಳು ಸರಾಗವಾಗಿ ದಾಟುತ್ತಿರುವಾಗಲೇ, ದಾರಿ ಕೇಳಲು ಕಿಟಕಿಯ ಬಳಿ ನಿಂತವರಿಗೆ ಉತ್ತರ ತಡವಾಗಿ ಸಿಕ್ಕಂತೆ ಇದು. ತಮ್ಮ ಐದನೆಯ ಹಾಪ್ ಹೀಗೆಯೇ ಇದೆ. ಅದು 61 ತೋರಿಸಿದರೂ ಅದನ್ನು ದಾಟಿಕೊಂಡೇ ಹೋದ ಆರನೆಯ ಹಾಪ್ ಬೆಳಗ್ಗೆ 14ಕ್ಕೆ ಉತ್ತರಿಸಿದೆ. ಐದರಲ್ಲಿ ನಿಜವಾಗಿಯೂ ತಡವಾಗಿದ್ದರೆ ಆರಕ್ಕೂ ಏಳಕ್ಕೂ ಆ ತಡ ಹಾಗೆಯೇ ಮುಂದುವರಿಯಬೇಕಿತ್ತು. ಮೂರನೆಯ ಹಾಪ್ ಉತ್ತರ ಕೊಡದಂತೆ ಯಾರೋ ಹೊಂದಿಸಿದ್ದಾರೆ, ಅಷ್ಟೆ. ಆದ್ದರಿಂದ ಟ್ರೇಸ್‌ರೂಟನ್ನು ಕೊನೆಯ ಸಾಲಿನಿಂದ ಹಿಂದಕ್ಕೆ ಓದುವುದು ಒಳ್ಳೆಯದು. ಕೊನೆಯಲ್ಲಿ ಕಂಡ ವಿಳಂಬ ಯಾವ ಹಾಪಿನಿಂದ ಶುರುವಾಗಿ ಬಿಡದೆ ಬಂದಿದೆಯೋ ಅಲ್ಲಿಯೇ ತೊಂದರೆಯನ್ನು ಹುಡುಕಬೇಕು.

ಹಾಗೆ ಓದಿದರೆ ರಾತ್ರಿಯ ಹೆಚ್ಚುವರಿ 70 ಮಿಲಿಸೆಕೆಂಡು ಆರನೆಯ ಹಾಪಿನಲ್ಲಿ ಕಾಣಿಸಿಕೊಂಡು ಕೊನೆಯವರೆಗೂ ಉಳಿದಿದೆ. ಅದಕ್ಕೆ ದೂರ ಕಾರಣವಲ್ಲ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, ಪ್ರತಿ 100 ಕಿಲೋಮೀಟರಿಗೆ ಹೋಗಿಬರುವ ಸಮಯ 1 ಮಿಲಿಸೆಕೆಂಡು ಮಾತ್ರ. ಬೆಂಗಳೂರಿನಿಂದ ಚೆನ್ನೈ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ಕೇಬಲ್ ನೇರವಾಗಿ ಹೋಗುವುದಿಲ್ಲ, ನಡುವಿನ ಸಾಧನಗಳೂ ಸ್ವಲ್ಪ ಸಮಯ ತಿನ್ನುತ್ತವೆ ಎಂದು ಲೆಕ್ಕ ಹಿಡಿದರೆ ಬೆಳಗಿನ 22 ಸಹಜವಾಗಿದೆ. ಚೆನ್ನೈ ರಾತ್ರಿ ಹೊತ್ತು ದೂರ ಸರಿಯುವುದಿಲ್ಲ, ವಿಳಾಸಗಳೂ ಬದಲಾಗಿಲ್ಲ. ಉಳಿದದ್ದು ದಟ್ಟಣೆಯೊಂದೇ. ಸಂಪರ್ಕದ ಸಾಮರ್ಥ್ಯ ತುಂಬಿ, ಪ್ಯಾಕೆಟ್ಟುಗಳು ರೂಟರಿನ ಬಫರಿನಲ್ಲಿ ಸರದಿ ಕಾಯುತ್ತಿವೆ, ಬಫರೂ ತುಂಬಿದಾಗ ಕೆಲವು ಬಿದ್ದುಹೋಗುತ್ತಿವೆ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಪರದೆಯ ಮೇಲೆ ಕಾಣುವುದು ಹೋಗುವ ದಾರಿ, ಆದರೆ ಅಳೆದಿರುವುದು ಹೋಗಿಬರುವ ಸಮಯ. ಉತ್ತರ ಬೇರೆ ದಾರಿಯಲ್ಲಿ ಹಿಂದಿರುಗುತ್ತಿರಬಹುದು, ದಟ್ಟಣೆ ಆ ದಾರಿಯಲ್ಲೂ ಇರಬಹುದು. ಕಚೇರಿಯ ಐಟಿಯವರಿಂದ ತಮ್ಮ ಕಡೆಗೆ ಒಂದು ಟ್ರೇಸ್‌ರೂಟ್ ಮಾಡಿಸಿ. 100.64ರಿಂದ 100.127ರವರೆಗಿನ ವಿಳಾಸಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಲು ಸೇವಾದಾರರು ಬಳಸುವಂಥವು, ಹೊರಗಿನಿಂದ ಅವುಗಳನ್ನು ಮುಟ್ಟಲಾಗದು. ಹಾಗಾಗಿ ಬ್ರೌಸರಿನಲ್ಲಿ ತಮ್ಮ ಸಾರ್ವಜನಿಕ ಐಪಿಯನ್ನು ನೋಡಿ ಅದನ್ನು ಅವರಿಗೆ ಕೊಡಿ. ಮನೆಯವರೆಗೆ ತಲುಪದಿದ್ದರೂ ಸೇವಾದಾರರ ಬಾಗಿಲವರೆಗಿನ ದಾರಿ ತಿಳಿಯುತ್ತದೆ.

ಬಂಗಾರಪೇಟೆ ಓದುಗ, ಕೋಲಾರ ಜಿಲ್ಲೆ

ಮೇಲಿನ ವಿವರಣೆಯನ್ನು ನಾನೂ ಒಪ್ಪುತ್ತೇನೆ. ಆದರೂ ಯಾರ ಮೇಲಾದರೂ ಬೆರಳು ತೋರಿಸುವ ಮೊದಲು ಮನೆಯೊಳಗಿನ ಅನುಮಾನಗಳನ್ನು ಪೂರ್ತಿ ತೆಗೆದುಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಪರೀಕ್ಷೆಯನ್ನು ವೈಫೈ ಮೇಲೆ ಮಾಡದೆ ಲ್ಯಾನ್ ಕೇಬಲ್ ಹಾಕಿ ಮಾಡಿ. ಅಕ್ಕಪಕ್ಕದ ಮನೆಗಳ ರೂಟರುಗಳೆಲ್ಲ 2.4 ಗಿಗಾಹರ್ಟ್ಸ್‌ನಲ್ಲಿ ಕೂತಿರುವ ಬಡಾವಣೆಗಳಲ್ಲಿ ರಾತ್ರಿ ಹೊತ್ತು ಮೊದಲನೆಯ ಹಾಪಿನಲ್ಲೇ 30, 40 ಮಿಲಿಸೆಕೆಂಡಿನ ಏರಿಳಿತ ಬರುವುದನ್ನು ನೋಡಿದ್ದೇನೆ. ಅಳೆಯುವಾಗ ಮನೆಯಲ್ಲಿ ಬೇರೆ ಯಾರೂ ದೊಡ್ಡ ಫೈಲ್ ಕಳಿಸುತ್ತಿರಬಾರದು, ಮೊಬೈಲಿನ ಫೋಟೋಗಳು ತಾವಾಗಿಯೇ ಅಪ್‌ಲೋಡ್ ಆಗುತ್ತಿದ್ದರೂ ಸಾಕು, ಸ್ವಂತ ರೂಟರಿನ ಬಫರ್ ತುಂಬಿ ವಿಳಂಬ ಏರುತ್ತದೆ. ತಮ್ಮ ಮೊದಲ ಎರಡು ಹಾಪುಗಳು ರಾತ್ರಿಯೂ ಕದಲದಿರುವುದರಿಂದ ಇವು ಕಾರಣವಾಗಿರಲಾರವು, ಆದರೆ ದೂರು ಕೊಡುವಾಗ ಮೊದಲು ಕೇಳುವ ಪ್ರಶ್ನೆಯೇ ಇದು.

ಇನ್ನೊಂದು ವಿಷಯ. ಟ್ರೇಸರ್ಟ್ ಪ್ರತಿ ಹಾಪಿಗೆ ಮೂರೇ ಪ್ಯಾಕೆಟ್ ಕಳಿಸುತ್ತದೆ, ಮೂರರಿಂದ ಪ್ಯಾಕೆಟ್ ನಷ್ಟದ ಪ್ರಮಾಣವನ್ನು ಹೇಳಲಾಗದು. ವಿನ್‌ಎಂಟಿಆರ್ ಎಂಬ ಉಚಿತ ಸಾಫ್ಟ್‌ವೇರನ್ನು ಹತ್ತು ಹದಿನೈದು ನಿಮಿಷ ಓಡಲು ಬಿಟ್ಟರೆ ಪ್ರತಿ ಹಾಪಿನ ಸರಾಸರಿಯೂ ನಷ್ಟವೂ ಒಟ್ಟಿಗೆ ಸಿಗುತ್ತವೆ. ಅದನ್ನು 8.8.8.8ಕ್ಕೆ ಓಡಿಸಿ ಸುಮ್ಮನಾಗಬೇಡಿ. ಆ ಒಂದೇ ವಿಳಾಸವನ್ನು ಗೂಗಲ್ ಜಗತ್ತಿನ ಹಲವು ಕಡೆಗಳಿಂದ ಒಟ್ಟಿಗೆ ಪ್ರಕಟಿಸುವುದರಿಂದ ತಮ್ಮ ಸೇವಾದಾರರಿಗೆ ಸಮೀಪವಿರುವ ಯಾವುದೋ ಒಂದು ಕೇಂದ್ರ ಉತ್ತರಿಸುತ್ತದೆ. ಅದಕ್ಕೂ ತಮ್ಮ ಕಚೇರಿಗೆ ಹೋಗುವ ದಾರಿಗೂ ಸಂಬಂಧವಿಲ್ಲ.

ಶಿರಾ ಫೈಬರ್

ನಾನು ಈ ವೃತ್ತಿಯಲ್ಲೇ ಇದ್ದೇನೆ, ಆದ್ದರಿಂದ ಚೆನ್ನೈ ಪ್ರಶ್ನೆಗೆ ಉತ್ತರಿಸುತ್ತೇನೆ. ಇಂಟರ್ನೆಟ್ಟಿನಲ್ಲಿ ಜಾಲದಿಂದ ಜಾಲಕ್ಕೆ ದಾರಿಯನ್ನು ನಿರ್ಧರಿಸುವ ಬಿಜಿಪಿ ಎಂಬ ಏರ್ಪಾಟು ಕಿಲೋಮೀಟರುಗಳನ್ನು ನೋಡುವುದಿಲ್ಲ. ಯಾವ ಜಾಲ ಯಾವ ಜಾಲದೊಡನೆ ಎಲ್ಲಿ ಸೇರಿಕೊಂಡಿದೆ, ಅವರ ನಡುವಿನ ಒಪ್ಪಂದ ಏನು ಎಂಬುದನ್ನು ಅದು ಅನುಸರಿಸುತ್ತದೆ. ತಮ್ಮ ಸೇವಾದಾರರೂ ತಮ್ಮ ಕಚೇರಿಗೆ ಸಂಪರ್ಕ ಕೊಟ್ಟವರೂ ಬೆಂಗಳೂರಿನಲ್ಲಿ ನೇರವಾಗಿ ಕೈಜೋಡಿಸಿಲ್ಲದಿದ್ದರೆ, ಇಬ್ಬರಿಗೂ ಸಾಮಾನ್ಯವಾದ ಮೂರನೆಯ ದೊಡ್ಡ ಕಂಪನಿಯ ಮೂಲಕ, ಆ ಕಂಪನಿಯ ಜಾಲ ಎಲ್ಲಿ ಸೇರುತ್ತದೆಯೋ ಅಲ್ಲಿಗೆ ಮಾಹಿತಿ ಹೋಗಿ ಬರಬೇಕು. ಸಮುದ್ರದಡಿಯ ಕೇಬಲ್‌ಗಳು ಮುಂಬೈ ಮತ್ತು ಚೆನ್ನೈಗಳಲ್ಲಿ ಹೆಚ್ಚಾಗಿ ದಡ ಸೇರುವುದರಿಂದ ದೊಡ್ಡ ಕಂಪನಿಗಳ ಸಂಧಿಸ್ಥಾನಗಳೂ ಅಲ್ಲಿಯೇ ಬೆಳೆದವು. ದೇಶದೊಳಗಿನ ಮಾಹಿತಿ ದೇಶದೊಳಗೇ, ಸಾಧ್ಯವಾದಷ್ಟು ಹತ್ತಿರದಲ್ಲೇ ಕೈ ಬದಲಿಸಲಿ ಎಂಬ ಉದ್ದೇಶದಿಂದ 2003ರಲ್ಲಿ ನಿಕ್ಸಿ (ಭಾರತದ ರಾಷ್ಟ್ರೀಯ ಇಂಟರ್ನೆಟ್ ವಿನಿಮಯ ಸಂಸ್ಥೆ) ಸ್ಥಾಪನೆಯಾಯಿತು, ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಆದರೆ ಎರಡೂ ಕಡೆಯವರು ಅಲ್ಲಿಗೆ ಬಂದು, ಸಾಕಷ್ಟು ಸಾಮರ್ಥ್ಯದ ಪೋರ್ಟ್ ತೆಗೆದುಕೊಂಡು, ತಮ್ಮ ವಿಳಾಸಗಳನ್ನು ಪ್ರಕಟಿಸಿದರೆ ಮಾತ್ರ ಅದರಿಂದ ಪ್ರಯೋಜನ.

ಸ್ಪೀಡ್ ಟೆಸ್ಟ್ ಏಕೆ ಪೂರ್ತಿ ತೋರಿಸುತ್ತದೆ ಎಂಬುದಕ್ಕೂ ಕಾರಣ ಇಲ್ಲಿಯೇ ಇದೆ. ಸ್ಪೀಡ್ ಟೆಸ್ಟ್ ತಾನಾಗಿ ಆರಿಸಿಕೊಳ್ಳುವ ಸರ್ವರ್ ಅನೇಕ ವೇಳೆ ಸೇವಾದಾರರ ಜಾಲದೊಳಗೇ, ಅಂದರೆ ತಮ್ಮ ನಾಲ್ಕನೆಯ ಹಾಪಿನ ಆಸುಪಾಸಿನಲ್ಲಿ ಇರುತ್ತದೆ. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ಗಳ ದಾಸ್ತಾನು ಸರ್ವರುಗಳನ್ನೂ ಸೇವಾದಾರರು ತಮ್ಮಲ್ಲೇ ಇಟ್ಟುಕೊಂಡಿರುತ್ತಾರೆ. ಇವು ಯಾವುವೂ ಚೆನ್ನೈ ಸಂಪರ್ಕವನ್ನು ಮುಟ್ಟುವುದೇ ಇಲ್ಲ. ಕೇಬಲ್ ಆಪರೇಟರ್ ಕಳಿಸಿದ ಹುಡುಗ ಸುಳ್ಳು ಹೇಳಿಲ್ಲ, ಅವರ ಪಾಲಿನ ಫೈಬರ್ ನಿಜವಾಗಿಯೂ ಚೆನ್ನಾಗಿದೆ. ತೊಂದರೆ ಅವರ ಮೇಲಿನ ಕಂಪನಿಯ ಕೈಯಲ್ಲಿದೆ.

ನನ್ನ ದೃಷ್ಟಿಯಲ್ಲಿ ಚೆನ್ನೈ ಸುತ್ತು ಅಂಥ ದೊಡ್ಡ ದೋಷವಲ್ಲ. 22 ಮಿಲಿಸೆಕೆಂಡಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಹಾಯಾಗಿ ನಡೆಯುತ್ತದೆ. ರಾತ್ರಿ ತುಂಬಿಹೋಗುವ ಸಂಪರ್ಕವನ್ನು ಹಿಗ್ಗಿಸದೆ ಬಿಟ್ಟಿರುವುದು ದೋಷ, ದೂರನ್ನು ಅದರ ಮೇಲೆಯೇ ಕೊಡಿ.

ಬಟವಾಡಿ ನಿವಾಸಿ, ತುಮಕೂರು

ತಮಗೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಲ್ಯಾನ್ ಕೇಬಲ್ ಹಾಕಿ ವಿನ್‌ಎಂಟಿಆರ್ ಓಡಿಸಿದೆ. ಬೆಳಗ್ಗೆ ಕೊನೆಯ ಹಾಪಿನಲ್ಲಿ ನಷ್ಟವಿಲ್ಲ, ರಾತ್ರಿ ಆರರಿಂದ ಒಂಬತ್ತನೆಯ ಹಾಪಿನವರೆಗೆ ಎಲ್ಲದರಲ್ಲೂ ಶೇಕಡ 3ರ ಆಸುಪಾಸಿನ ನಷ್ಟ ಕಾಣುತ್ತದೆ. ಐದನೆಯದು ಎರಡು ಹೊತ್ತಿನಲ್ಲೂ ಶೇಕಡ 40 ತೋರಿಸುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಚೇರಿಯಿಂದ ಮಾಡಿಸಿದ ಟ್ರೇಸ್‌ರೂಟ್ ಕೂಡ ಚೆನ್ನೈ ಮೂಲಕವೇ ಹಿಂದಿರುಗುತ್ತದೆ, ರಾತ್ರಿಯ ಏರಿಕೆ ಅಲ್ಲಿಂದ ನಮ್ಮ ಸೇವಾದಾರರ ಕಡೆಗೆ ದಾಟುವಲ್ಲಿ ಕಾಣಿಸುತ್ತದೆ. ಮಾತಿನ ನಡುವೆ, ಕಚೇರಿಗೆ ಬೇರೊಂದು ಕಂಪನಿಯ ಎರಡನೆಯ ಸಂಪರ್ಕವೂ ಇದೆ ಎಂದು ಐಟಿಯವರು ತಿಳಿಸಿದರು. ಆ ವಿಳಾಸಕ್ಕೆ ಓಡಿಸಿದರೆ ‘ಎಂಎಎ’ ಬರುವುದೇ ಇಲ್ಲ, ರಾತ್ರಿಯೂ 9 ಮಿಲಿಸೆಕೆಂಡು. ಸದ್ಯ ವಿಪಿಎನ್ ಅನ್ನು ಆ ವಿಳಾಸಕ್ಕೆ ಬದಲಿಸಿಕೊಟ್ಟಿದ್ದಾರೆ. ಆದರೂ ಮೂಲ ತೊಂದರೆಯ ಬಗ್ಗೆ ದೂರು ಕೊಡಬೇಕೆಂದಿದ್ದೇನೆ, ನಮ್ಮ ಬೀದಿಯಲ್ಲಿ ಇನ್ನೂ ಕೆಲವರಿಗೆ ಇದೇ ಕಷ್ಟವಿದೆ. ಹೇಗೆ ಬರೆಯಬೇಕು?

ಶಿರಾ ಫೈಬರ್

‘ಇಂಟರ್ನೆಟ್ ನಿಧಾನವಾಗಿದೆ’ ಎಂದು ಬರೆಯಬೇಡಿ, ಹಾಗೆ ಬರೆದರೆ ಮತ್ತೆ ಅದೇ ಹುಡುಗ ಬಂದು ಬೆಳಕಿನ ಮಟ್ಟ ಅಳೆದು ಹೋಗುತ್ತಾರೆ. ‘ಪ್ರತಿದಿನ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಬೆಂಗಳೂರು ಮತ್ತು ಚೆನ್ನೈ ನಡುವೆ ನಿಮ್ಮ ಮೇಲಿನ ಕಂಪನಿಯ ಸಂಪರ್ಕದಲ್ಲಿ ದಟ್ಟಣೆ, ನಾಲ್ಕನೆಯ ಹಾಪಿನವರೆಗೆ ತೊಂದರೆ ಇಲ್ಲ’ ಎಂದು ಸ್ಪಷ್ಟವಾಗಿ ಬರೆದು, ನೆಟ್‌ವರ್ಕ್ ವಿಭಾಗಕ್ಕೆ ವರ್ಗಾಯಿಸುವಂತೆ ಕೋರಿ. ಬೆಳಗಿನ ಮತ್ತು ರಾತ್ರಿಯ ವಿನ್‌ಎಂಟಿಆರ್ ಫಲಿತಾಂಶ, ಕಚೇರಿ ಕಡೆಯ ಟ್ರೇಸ್‌ರೂಟ್, ತಮ್ಮ ಸಾರ್ವಜನಿಕ ಐಪಿ, ಹೋಗಬೇಕಾದ ಐಪಿ, ದಿನಾಂಕ ಮತ್ತು ಸಮಯ ಇವಿಷ್ಟನ್ನೂ ಚಿತ್ರವಾಗಿ ಹಾಕದೆ ಪಠ್ಯವಾಗಿಯೇ ಸೇರಿಸಿ, ಎಂಜಿನಿಯರಿಗೆ ವಿಳಾಸಗಳನ್ನು ನಕಲಿಸಿಕೊಳ್ಳಲು ಬರಬೇಕು. ದೂರಿನ ಡಾಕೆಟ್ ಸಂಖ್ಯೆಯನ್ನು ತಪ್ಪದೆ ಕೇಳಿ ಪಡೆಯಿರಿ. ಟ್ರಾಯ್‌ನ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) 2012ರ ದೂರು ಪರಿಹಾರ ನಿಯಮಗಳ ಪ್ರಕಾರ, ಪರಿಹಾರ ತೃಪ್ತಿಕರವಾಗಿಲ್ಲದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆ ಬೇಕಾಗುತ್ತದೆ. ಬೀದಿಯ ಇತರರೂ ತಮ್ಮ ತಮ್ಮ ಮನೆಯಿಂದ ಅದೇ ಹೊತ್ತಿನಲ್ಲಿ ಅಳೆದು ಪ್ರತ್ಯೇಕವಾಗಿ ದೂರು ಕೊಡಲಿ. ಒಂದೇ ಹಾಪನ್ನು ತೋರಿಸುವ ಹಲವು ಡಾಕೆಟ್‌ಗಳು ಒಟ್ಟಿಗೆ ಬಂದಾಗ, ಆ ಸಂಪರ್ಕವನ್ನು ಹಿಗ್ಗಿಸಲು ಹಣ ಕೇಳುವುದು ನೆಟ್‌ವರ್ಕ್ ವಿಭಾಗದವರಿಗೂ ಸುಲಭವಾಗುತ್ತದೆ.