ಹಳೆಯ ಪಿಎಚ್‌ಪಿ ಆವೃತ್ತಿಯಲ್ಲೇ ಮುಂದುವರಿಯಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ

ಗೋಣಿಕೊಪ್ಪಲಿನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಸುತ್ತಮುತ್ತಲಿನ ಕೆಲವು ಹೋಂಸ್ಟೇಗಳ ಬುಕಿಂಗ್ ವೆಬ್‌ಸೈಟನ್ನೂ ಬೆಳೆಗಾರರ ಸಂಘವೊಂದರ ಸದಸ್ಯರ ಲೆಕ್ಕದ ತಂತ್ರಾಂಶವನ್ನೂ ನಾನು ನೋಡಿಕೊಳ್ಳುತ್ತಿದ್ದೇನೆ. ವೆಬ್‌ಸೈಟ್ ಬಾಡಿಗೆಯ ಸರ್ವರಿನಲ್ಲಿ, ಉಬುಂಟು 20.04 ಎಂಬ ಲಿನಕ್ಸ್ ವ್ಯವಸ್ಥೆಯ ಜೊತೆಗೆ ಬಂದ ಪಿಎಚ್‌ಪಿ (ವೆಬ್‌ಸೈಟುಗಳ ಪ್ರೋಗ್ರಾಮಿಂಗ್ ಭಾಷೆ) 7.4ರಲ್ಲಿ ನಡೆಯುತ್ತಿದೆ. ಸಂಘದ ತಂತ್ರಾಂಶ ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಎಕ್ಸಾಂಪ್ (ಅಪಾಚೆ ವೆಬ್ ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಒಟ್ಟಿಗೆ ಬರುವ ತಂತ್ರಾಂಶ) ಮೇಲೆ ಇದೆ. ಕಾರ್ಯದರ್ಶಿಯವರು ಮನೆಯಿಂದಲೂ ಲೆಕ್ಕ ನೋಡಲೆಂದು ರೂಟರಿನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆದಿಟ್ಟಿದ್ದಾರೆ. ಎರಡನ್ನೂ ಬರೆದುಕೊಟ್ಟವರು ಈಗ ಊರಿನಲ್ಲಿಲ್ಲ. ಇತ್ತೀಚೆಗೆ ತಿಳಿದವರೊಬ್ಬರು ಕೋಡ್ ಪೂರ್ತಿ ಓದಿ, ಭದ್ರತೆಯ ದೃಷ್ಟಿಯಿಂದ ಅಂತಹ ತಪ್ಪೇನೂ ಇಲ್ಲವೆಂದರು. ಹಾಗಿದ್ದ ಮೇಲೂ ಪಿಎಚ್‌ಪಿಯನ್ನೇ ಬದಲಿಸಬೇಕೆ? ಬದಲಿಸಲು ಹೋಗಿ ಪ್ರವಾಸಿಗರು ಬರುವ ಹೊತ್ತಿನಲ್ಲಿ ಬುಕಿಂಗ್ ನಿಂತುಹೋದರೆ ಮನೆಯವರಿಗೆ ಏನು ಹೇಳಲಿ ಎಂಬುದೇ ನನ್ನ ಚಿಂತೆ.

ವಿರಾಜಪೇಟೆಯಿಂದ ಉತ್ತರ

ಉಳಿದದ್ದೆಲ್ಲ ಆಮೇಲೆ ನೋಡೋಣ. ಸಂಘದ ಕಚೇರಿಯ ರೂಟರಿನಲ್ಲಿ ತೆರೆದಿಟ್ಟಿರುವ ಪೋರ್ಟನ್ನು ದಯವಿಟ್ಟು ಇಂದೇ ಮುಚ್ಚಿಸಿ. ಎಕ್ಸಾಂಪ್ ಕೊಡುವವರೇ ಅದನ್ನು ಅಭಿವೃದ್ಧಿಯ ಕೆಲಸಕ್ಕೆ ಮಾತ್ರ ಎಂದು ಹೇಳುತ್ತ ಬಂದಿದ್ದಾರೆ. ಅದನ್ನು ನೇರವಾಗಿ ಅಂತರ್ಜಾಲಕ್ಕೆ ಒಡ್ಡುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ 2024ರ ಜೂನ್ ತಿಂಗಳಿನಲ್ಲಿ ಪ್ರಕಟವಾದ ಸಿವಿಇ-2024-4577 (ಸಿವಿಇ ಎಂದರೆ ಭದ್ರತಾ ಲೋಪಗಳಿಗೆ ಕೊಡುವ ಗುರುತಿನ ಸಂಖ್ಯೆ) ಎಂಬ ಪಿಎಚ್‌ಪಿಯ ಲೋಪವೇ ಸಾಕ್ಷಿ.

ಆ ಲೋಪದ ಬೇರು 2012ರಲ್ಲಿದೆ. ಪಿಎಚ್‌ಪಿಯನ್ನು ಸಿಜಿಐ ರೀತಿಯಲ್ಲಿ (ವೆಬ್ ಸರ್ವರ್ ಅದನ್ನು ಬೇರೆ ಪ್ರೋಗ್ರಾಮಾಗಿ ಕರೆಯುವ ವಿಧಾನ) ನಡೆಸುತ್ತಿದ್ದ ಸರ್ವರುಗಳಲ್ಲಿ, ವಿಳಾಸದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಒಂದು ಅಡ್ಡಗೆರೆಯನ್ನೂ ಅಕ್ಷರವನ್ನೂ ಸೇರಿಸಿದರೆ, ಪಿಎಚ್‌ಪಿ ಅದನ್ನು ತನಗೆ ಕೊಟ್ಟ ಆದೇಶವೆಂದೇ ತಿಳಿಯುತ್ತಿತ್ತು. ಹೊರಗಿನ ಯಾರು ಬೇಕಾದರೂ ಮೂಲ ಕೋಡನ್ನು ತೆರೆಸಿ ಓದಬಹುದಿತ್ತು, ತಮ್ಮ ಕೋಡನ್ನು ಅಲ್ಲಿ ಓಡಿಸಲೂಬಹುದಿತ್ತು. ಅಡ್ಡಗೆರೆಯಿಂದ ಶುರುವಾಗುವುದನ್ನು ತಡೆಯುವ ತಿದ್ದುಪಡಿ ಬಂದು ವಿಷಯ ಮುಗಿದಂತಾಯಿತು. ಹನ್ನೆರಡು ವರ್ಷಗಳ ನಂತರ ತೈವಾನಿನ ಡೆವ್‌ಕೋರ್ ಸಂಸ್ಥೆಯ ಆರೆಂಜ್ ತ್ಸಾಯ್ ಅವರು ಆ ತಡೆಯನ್ನು ದಾಟುವ ದಾರಿ ತೋರಿಸಿದರು. ಅಡ್ಡಗೆರೆಯನ್ನು ಹೋಲುವ ಇನ್ನೊಂದು ಅಕ್ಷರವಿದೆ. ಪಿಎಚ್‌ಪಿಯ ಪರೀಕ್ಷೆಗೆ ಅದು ಅಡ್ಡಗೆರೆಯಾಗಿ ಕಾಣುವುದಿಲ್ಲ. ಆದರೆ ಪರೀಕ್ಷೆ ದಾಟಿದ ಮೇಲೆ ಕೆಲವು ಭಾಷೆಗಳ ವಿಂಡೋಸ್ ತನ್ನ ಅಕ್ಷರ ಹೊಂದಾಣಿಕೆಯ ನಿಯಮದಂತೆ ಅದನ್ನು ನಿಜವಾದ ಅಡ್ಡಗೆರೆಯನ್ನಾಗಿ ಬದಲಿಸಿಬಿಡುತ್ತದೆ. ಚೀನೀ ಮತ್ತು ಜಪಾನೀ ಭಾಷೆಯ ವಿಂಡೋಸಿನಲ್ಲಿ ಇದು ಖಚಿತವಾಗಿ ಸಾಬೀತಾಯಿತು. ನಮ್ಮ ಕಡೆಯ ಇಂಗ್ಲಿಷ್ ವಿಂಡೋಸ್ ಆ ಪಟ್ಟಿಯಲ್ಲಿಲ್ಲ ಎಂಬುದು ನಿಜವಾದರೂ, ಉಳಿದ ಭಾಷೆಗಳಿಗೆ ಅಪಾಯವೇ ಇಲ್ಲವೆಂದು ಕಂಡುಹಿಡಿದವರೂ ಹೇಳಲಿಲ್ಲ. ಪ್ರಕಟಣೆಯಾದ ಕೆಲವೇ ದಿನಗಳಲ್ಲಿ ಇದರ ಮೂಲಕ ಸರ್ವರುಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದಾಳಿಗಳು ಶುರುವಾದವು.

ತಿದ್ದುಪಡಿ ಬಂದದ್ದು 8.3.8, 8.2.20 ಮತ್ತು 8.1.29 ಆವೃತ್ತಿಗಳಲ್ಲಿ ಮಾತ್ರ; 8.0 ಮತ್ತು ಅದಕ್ಕೂ ಹಿಂದಿನವನ್ನು ಆಗಲೇ ಕೈಬಿಟ್ಟಾಗಿತ್ತು. ಎಕ್ಸಾಂಪ್ 8.2.12 ಹಾಕಿಕೊಂಡಿದ್ದೇವೆ, ಅದು ಹೊಸದು ಎಂದು ಹಲವರು ನೆಮ್ಮದಿಯಿಂದಿರುವುದನ್ನು ಕಂಡಿದ್ದೇನೆ. ಅದರೊಳಗಿರುವ ಪಿಎಚ್‌ಪಿಯೂ 8.2.12 ಆದ್ದರಿಂದ ಈ ತಿದ್ದುಪಡಿ ಅದರಲ್ಲಿಲ್ಲ. ಎಕ್ಸಾಂಪಿನ ಅಪಾಚೆ ಸೆಟ್ಟಿಂಗ್ ಕಡತದಲ್ಲಿ ಪಿಎಚ್‌ಪಿ-ಸಿಜಿಐಗೆ ದಾರಿ ಕೊಡುವ ಸ್ಕ್ರಿಪ್ಟ್‌ಅಲಿಯಾಸ್ ಎಂಬ ಸಾಲೊಂದಿದೆ. ಸಂಘದ ತಂತ್ರಾಂಶಕ್ಕೆ ಅದರ ಅಗತ್ಯವಿಲ್ಲದಿದ್ದರೆ ಆ ಸಾಲಿನ ಆರಂಭದಲ್ಲಿ ಹ್ಯಾಶ್ (#) ಚಿಹ್ನೆ ಹಾಕಿ ನಿಷ್ಕ್ರಿಯಗೊಳಿಸಿ, ಅಪಾಚೆಯನ್ನು ಮರಳಿ ಶುರುಮಾಡಿ. ಕಾರ್ಯದರ್ಶಿಯವರು ಮನೆಯಿಂದ ನೋಡಲೇಬೇಕೆಂದಿದ್ದರೆ ವೈರ್‌ಗಾರ್ಡ್‌ನಂತಹ ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಹಾಕಿಕೊಡಿ. ಸದಸ್ಯರ ಬ್ಯಾಂಕ್ ಖಾತೆಯ ವಿವರ, ಯಾರು ಎಷ್ಟು ಚೀಲ ಕಾಫಿ ತಂದರು, ಯಾರಿಗೆ ಎಷ್ಟು ಸಾಲವಿದೆ ಎಂಬುದೆಲ್ಲ ಆ ಒಂದು ಕಂಪ್ಯೂಟರಿನಲ್ಲಿ ಇರುವಾಗ ಇಷ್ಟಾದರೂ ಮಾಡುವುದು ನಮ್ಮ ಹೊಣೆ ಎಂದು ನಾನು ನಂಬಿದ್ದೇನೆ.

ಮಡಿಕೇರಿಯಿಂದ ಉತ್ತರ

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ವೆಬ್‌ಸೈಟಿನ ವಿಚಾರವನ್ನು ನಾನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕೋಡ್ ಓದಿದವರ ಮಾತು ನಿಜವೇ ಇರಬಹುದು. ಆದರೆ ಇಲ್ಲಿನ ಅಪಾಯ ಆ ಕೋಡಿನೊಳಗೆ ಇರುವುದಲ್ಲ, ಕೋಡನ್ನು ನಡೆಸುವ ರನ್‌ಟೈಮಿನೊಳಗೆ ಇರುವುದು. ಅದು ಬಹುಪಾಲು ಸಿ ಭಾಷೆಯಲ್ಲಿ ಬರೆದದ್ದು; ಹೊರಗಿನಿಂದ ಬರುವ ಪ್ರತಿಯೊಂದು ಅಕ್ಷರವೂ, ತಮ್ಮ ಕೋಡಿನ ಮೊದಲ ಸಾಲು ಓಡುವುದಕ್ಕೂ ಮುಂಚೆ, ಅದರ ಕೈಯಿಂದಲೇ ಹಾದು ಬರಬೇಕು. 2011ರ ಡಿಸೆಂಬರ್ ಕೊನೆಯಲ್ಲಿ ಬರ್ಲಿನಿನ ಸಮಾವೇಶವೊಂದರಲ್ಲಿ ಇಬ್ಬರು ಸಂಶೋಧಕರು ತೋರಿಸಿದ ಹ್ಯಾಶ್ ಘರ್ಷಣೆಯ ದಾಳಿ ಇದಕ್ಕೆ ಒಳ್ಳೆಯ ಉದಾಹರಣೆ. ಫಾರ್ಮಿನಲ್ಲಿ ತುಂಬಿ ಕಳಿಸಿದ ಪ್ರತಿಯೊಂದು ಹೆಸರನ್ನೂ ಪಿಎಚ್‌ಪಿ ಒಂದು ಲೆಕ್ಕ ಹಾಕಿ ತನ್ನ ಅರೇಯ (ಪಟ್ಟಿಯ) ಒಂದೊಂದು ಖಾನೆಯಲ್ಲಿ ಇಡುತ್ತದೆ. ಎಲ್ಲ ಹೆಸರುಗಳೂ ಒಂದೇ ಖಾನೆಗೆ ಬೀಳುವಂತೆ ಆರಿಸಿ ಕಳಿಸಿದರೆ, ಪ್ರತಿ ಹೊಸ ಹೆಸರನ್ನು ಇಡುವಾಗಲೂ ಅಲ್ಲಿರುವ ಎಲ್ಲವನ್ನೂ ಹೋಲಿಸಿ ನೋಡಬೇಕಾಗಿ, ಸಣ್ಣ ಗಾತ್ರದ ಒಂದೇ ಮನವಿ ಸರ್ವರಿನ ಪ್ರೊಸೆಸರನ್ನು ನಿಮಿಷಗಟ್ಟಲೆ ಹಿಡಿದಿಡುತ್ತಿತ್ತು. ವೆಬ್‌ಸೈಟ್ ಬರೆದವರು ಎಷ್ಟೇ ಎಚ್ಚರಿಕೆಯಿಂದ ಬರೆದಿದ್ದರೂ ಇದನ್ನು ತಡೆಯಲು ಸಾಧ್ಯವಿರಲಿಲ್ಲ. ಪಿಎಚ್‌ಪಿ ಮಾತ್ರವಲ್ಲ, ಜಾವಾ, ಪೈಥಾನ್, ರೂಬಿ ಮೊದಲಾದ ಭಾಷೆಗಳೂ ಇದೇ ದಾಳಿಗೆ ಸಿಕ್ಕಿಬಿದ್ದಿದ್ದವು.

ಇನ್ನೂ ವಿಚಿತ್ರವಾದದ್ದು ಅದೇ ವರ್ಷದ ಜನವರಿಯಲ್ಲಿ ಸಿಕ್ಕಿತ್ತು. 2.2250738585072011ನ್ನು ಹತ್ತರ ಮೈನಸ್ 308ನೆಯ ಘಾತದಿಂದ ಗುಣಿಸಿದರೆ ಬರುವ ಅತಿ ಸೂಕ್ಷ್ಮ ಸಂಖ್ಯೆಯನ್ನು 32 ಬಿಟ್ ಪಿಎಚ್‌ಪಿಗೆ ಕೊಟ್ಟರೆ, ಅಕ್ಷರಗಳನ್ನು ಸಂಖ್ಯೆಯಾಗಿ ಮಾರ್ಪಡಿಸುವ ಭಾಗ ಎರಡು ಉತ್ತರಗಳ ನಡುವೆ ಓಲಾಡುತ್ತ ಎಂದಿಗೂ ಮುಗಿಯುತ್ತಿರಲಿಲ್ಲ. ಅತಿಥಿಗಳು ಎಷ್ಟು ಮಂದಿ ಎಂದು ಕೇಳುವ ಜಾಗದಲ್ಲಿ ಯಾರಾದರೂ ಇದನ್ನು ತುಂಬಿ ಕಳಿಸಿದ್ದರೆ ಸಾಕಿತ್ತು. 5.3.5 ಮತ್ತು 5.2.17ರಲ್ಲಿ ಅದು ಸರಿಹೋಯಿತು.

ಆದ್ದರಿಂದ, ನಾವು ಕೂತಿರುವ ಆವೃತ್ತಿಗೆ ಇಂದಿಗೂ ಯಾರಾದರೂ ತಿದ್ದುಪಡಿ ಕಳಿಸುತ್ತಿದ್ದಾರೆಯೇ ಎಂಬುದನ್ನೇ ಮೊದಲು ಕೇಳಿಕೊಳ್ಳಬೇಕು. ಪಿಎಚ್‌ಪಿ ಬಳಗ 7.4ನ್ನು 2022ರ ನವೆಂಬರ್ 28ಕ್ಕೆ ನಿಲ್ಲಿಸಿತು. ಆದರೆ ತಾವು ಬಳಸುತ್ತಿರುವುದು ಉಬುಂಟು ಕೊಟ್ಟ 7.4, ಅಲ್ಲಿನ ಪದ್ಧತಿ ಬೇರೆ. ಅವರು ಆವೃತ್ತಿಯ ಸಂಖ್ಯೆಯನ್ನು 7.4.3 ಎಂದೇ ಇಟ್ಟುಕೊಂಡು, ಹೊಸ ಆವೃತ್ತಿಗಳಿಗೆ ಬಂದ ಭದ್ರತಾ ತಿದ್ದುಪಡಿಗಳನ್ನು ಮಾತ್ರ ಹಳೆಯದಕ್ಕೆ ಹೊಲಿದು ಕೊಡುತ್ತ ಬಂದರು. ಹೀಗಾಗಿ ಸಂಖ್ಯೆಯನ್ನಷ್ಟೇ ನೋಡಿ ಗಾಬರಿಯಾಗುವುದೂ ಸರಿಯಲ್ಲ, ನಿಶ್ಚಿಂತೆಯಿಂದ ಇರುವುದೂ ಸರಿಯಲ್ಲ. ಪ್ಯಾಕೇಜಿನ ಜೊತೆಗೆ ಬರುವ ಬದಲಾವಣೆಗಳ ಪಟ್ಟಿಯನ್ನು ತೆರೆದು, ತಮಗೆ ಬೇಕಾದ ಸಿವಿಇ ಸಂಖ್ಯೆ ಅಲ್ಲಿದೆಯೇ ಎಂದು ಹುಡುಕಬೇಕು. 20.04ಕ್ಕೆ ಉಬುಂಟುವಿನ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿದಿದೆ. ಅನಂತರದ ತಿದ್ದುಪಡಿಗಳು ಉಬುಂಟು ಪ್ರೋ ನೋಂದಣಿ ಮಾಡಿಕೊಂಡವರಿಗೆ ಮಾತ್ರ ಬರುತ್ತವೆ. ವೈಯಕ್ತಿಕ ಬಳಕೆಗೆ 5 ಯಂತ್ರಗಳವರೆಗೆ ಅದು ಉಚಿತ. ಹೊಸ ಆವೃತ್ತಿಗೆ ಸ್ಥಳಾಂತರಿಸುವ ಕೆಲಸ ಮುಗಿಯುವವರೆಗೆ ಅದನ್ನು ಹಾಕಿಕೊಂಡಿರುವುದು ಒಳ್ಳೆಯದು.

ಸ್ಥಳಾಂತರಕ್ಕೆ 8.3 ಅಥವಾ 8.4ನ್ನು ಆರಿಸಿಕೊಳ್ಳಿ. ಈಗಿನ ನಿಯಮದಂತೆ 8.2ಕ್ಕೆ 2026ರ ಕೊನೆಯವರೆಗೆ, 8.3ಕ್ಕೆ 2027ರ ಕೊನೆಯವರೆಗೆ, 8.4ಕ್ಕೆ 2028ರ ಕೊನೆಯವರೆಗೆ ಭದ್ರತಾ ತಿದ್ದುಪಡಿಗಳು ಸಿಗುತ್ತವೆ. ಕೋಡಿನಲ್ಲಿ ಏನೇನು ಮುರಿಯುತ್ತದೆ ಎಂದು ಕೇಳಿದರೆ, ಈಚ್ ಮತ್ತು ಕ್ರಿಯೇಟ್ ಫಂಕ್ಷನ್‌ನಂತೆ ತೆಗೆದುಹಾಕಿದ ಫಂಕ್ಷನ್‌ಗಳು ದೊಡ್ಡ ತೊಂದರೆಯಲ್ಲ. ಅವು ಕೂಡಲೇ ದೋಷ ತೋರಿಸಿ ನಿಲ್ಲುತ್ತವೆ, ಸರಿಪಡಿಸಬಹುದು. ಸದ್ದಿಲ್ಲದೆ ಅರ್ಥ ಬದಲಾಗುವ ಸಾಲುಗಳನ್ನು ಹುಡುಕುವುದೇ ಕಷ್ಟ. ಬುಕಿಂಗ್ ಫಾರ್ಮಿನಲ್ಲಿ ಕೋಣೆಗಳ ಸಂಖ್ಯೆಯನ್ನು ಖಾಲಿ ಬಿಟ್ಟು ಕಳಿಸಿದರೆಂದು ಇಟ್ಟುಕೊಳ್ಳಿ. ಆ ಖಾಲಿ ಅಕ್ಷರಮಾಲೆಯನ್ನು (ಏನೂ ಇಲ್ಲದ ಪಠ್ಯವನ್ನು) ಸೊನ್ನೆಯೊಂದಿಗೆ ಎರಡು ಸಮ ಚಿಹ್ನೆಗಳಿಂದ ಹೋಲಿಸಿದರೆ 7.4ರಲ್ಲಿ ಎರಡೂ ಒಂದೇ ಎಂಬ ಉತ್ತರ ಬರುತ್ತದೆ, ಕೋಣೆ ಆರಿಸಿ ಎಂಬ ಸಂದೇಶ ಕಾಣಿಸುತ್ತದೆ. 8.0ರಿಂದ ಈಚೆಗೆ ಅದೇ ಸಾಲು ಎರಡೂ ಬೇರೆ ಬೇರೆ ಎನ್ನುತ್ತದೆ. ತಡೆ ದಾಟಿ, ಕೋಣೆಯೇ ಇಲ್ಲದ ಬುಕಿಂಗ್ ದಾಖಲಾಗಿಬಿಡಬಹುದು. ಎಲ್ಲೆಲ್ಲಿ ಸೊನ್ನೆಯೊಂದಿಗೆ ಹೋಲಿಕೆ ಇದೆಯೋ ಅಲ್ಲೆಲ್ಲ ಒಮ್ಮೆ ಕಣ್ಣಾಡಿಸಿ. ನಮ್ಮಲ್ಲಿ ಹೆಚ್ಚಿನ ಸಮಯ ಹಿಡಿದದ್ದು ಇದೊಂದೇ ಕೆಲಸ.

ಗೋಣಿಕೊಪ್ಪಲಿನಿಂದ ಮರುಪ್ರಶ್ನೆ

ಇಬ್ಬರಿಗೂ ತುಂಬಾ ಕೃತಜ್ಞನಾಗಿದ್ದೇನೆ. ರೂಟರಿನ ಪೋರ್ಟನ್ನು ಇಂದು ಬೆಳಿಗ್ಗೆಯೇ ಮುಚ್ಚಿಸಿದೆ. ಇನ್ನೊಂದು ಸಂದೇಹವಿದೆ. ಹೊಸ ಆವೃತ್ತಿಗೆ ಬಂದ ಮೇಲೆ ಎಲ್ಲ ಅಪ್‌ಡೇಟುಗಳೂ ತಾವಾಗಿಯೇ ಇಳಿದುಕೊಳ್ಳುವಂತೆ ಇಟ್ಟುಬಿಡಬಹುದೇ, ಅಥವಾ ಪ್ರತಿ ಸಲವೂ ನಾನೇ ನೋಡಿ ಹಾಕಬೇಕೇ?

ಕುಶಾಲನಗರದಿಂದ ಉತ್ತರ

ಉಬುಂಟುವಿನ ಭದ್ರತಾ ಅಪ್‌ಡೇಟುಗಳು ತಾವಾಗಿಯೇ ಬರುವಂತೆ ಇಡಿ ಎಂದು ನಾನು ಹೇಳುತ್ತೇನೆ. ಅವು ಸಣ್ಣವು, ಆವೃತ್ತಿಯನ್ನು ಬದಲಿಸುವುದಿಲ್ಲ. ಆದರೆ 8.3ರಿಂದ 8.4ಕ್ಕೆ ಹೋಗುವಂತಹ ಬದಲಾವಣೆಯನ್ನು ಪರೀಕ್ಷೆ ಇಲ್ಲದೆ ಮಾಡಬೇಡಿ. ತಿದ್ದುಪಡಿಯೇ ತೊಂದರೆ ತಂದ ಉದಾಹರಣೆಗಳು ಇವೆ. ಮಡಿಕೇರಿಯವರು ಹೇಳಿದ ಹ್ಯಾಶ್ ದಾಳಿಯನ್ನು ತಡೆಯಲು 2012ರ ಜನವರಿಯಲ್ಲಿ ಬಂದ ಪಿಎಚ್‌ಪಿ 5.3.9, ಒಂದು ಫಾರ್ಮಿನಿಂದ ಸ್ವೀಕರಿಸುವ ಹೆಸರುಗಳಿಗೆ 1000ದ ಮಿತಿ ಹಾಕಿತು. ಆ ಮಿತಿಯನ್ನು ಜಾರಿಗೆ ತಂದ ಕೋಡಿನಲ್ಲೇ ಹೊರಗಿನವರು ಸರ್ವರನ್ನು ವಶಪಡಿಸಿಕೊಳ್ಳಬಹುದಾದಷ್ಟು ಗಂಭೀರವಾದ ಲೋಪ ಉಳಿದಿತ್ತು; ಫೆಬ್ರವರಿ 2ರಂದು 5.3.10 ತರಬೇಕಾಯಿತು. ಸರ್ವರ್ ನಿಧಾನವಾಗುವುದನ್ನು ತಡೆಯಲು ಹೋಗಿ ಸರ್ವರೇ ಕೈತಪ್ಪುವ ಸ್ಥಿತಿ ಅದು. ಆ 1000ದ ಮಿತಿ ಇಂದಿಗೂ ಇದೆ ಎಂಬುದು ಸಂಘದ ತಂತ್ರಾಂಶಕ್ಕೆ ಮುಖ್ಯ: ಎಲ್ಲ ಸದಸ್ಯರ ಸಾಲುಗಳನ್ನೂ ಒಂದೇ ಪುಟದಲ್ಲಿ ತುಂಬಿ ಉಳಿಸುವ ಫಾರ್ಮ್ ಇದ್ದರೆ, ಮಿತಿ ಮೀರಿದ ಸಾಲುಗಳು ಉಳಿಯದೇ ಹೋಗುತ್ತವೆ, ಎಚ್ಚರಿಕೆ ಲಾಗಿನಲ್ಲಿ (ಸರ್ವರಿನ ದಾಖಲೆ ಕಡತದಲ್ಲಿ) ಮಾತ್ರ ಸಿಗುತ್ತದೆ.

ರೂಬಿಯಲ್ಲಿ 2008ರ ಜೂನ್ ತಿಂಗಳಿನಲ್ಲಿ ಆದದ್ದೂ ಇಂತಹದೇ. ಅರೇ ಮತ್ತು ಅಕ್ಷರಮಾಲೆಗಳ ಗಾತ್ರದ ಲೆಕ್ಕ ತಪ್ಪಿ ಕಂಪ್ಯೂಟರಿನ ಸ್ಮರಣೆ (ಮೆಮೊರಿ) ಕೆಡುವ ಹಲವು ಲೋಪಗಳು ಒಟ್ಟಿಗೆ ಪ್ರಕಟವಾದವು, ತಿದ್ದಿದ ಆವೃತ್ತಿಗಳೂ ಬಂದವು. ಆದರೆ ಅವುಗಳನ್ನು ಹಾಕಿಕೊಂಡ ಹಲವರ ರೈಲ್ಸ್ (ರೂಬಿಯ ವೆಬ್ ಚೌಕಟ್ಟು) ವೆಬ್‌ಸೈಟುಗಳು ಓಡುತ್ತಿರುವಾಗಲೇ ಕುಸಿದುಬಿದ್ದವು. ಹಾಕಿದರೆ ವೆಬ್‌ಸೈಟ್ ನಿಲ್ಲುತ್ತದೆ, ಹಾಕದಿದ್ದರೆ ಬಾಗಿಲು ತೆರೆದಿರುತ್ತದೆ ಎಂಬ ಇಕ್ಕಟ್ಟಿನಲ್ಲಿ ನೆರವಾದದ್ದು, ಉಳಿದ ಬದಲಾವಣೆಗಳನ್ನು ಬಿಟ್ಟು ಭದ್ರತಾ ಭಾಗವನ್ನಷ್ಟೇ ಆರಿಸಿ ಹಳೆಯದಕ್ಕೆ ಸೇರಿಸಿಕೊಟ್ಟವರ ಕೆಲಸ. ಉಬುಂಟುವಿನಂತಹ ವಿತರಣೆಗಳು ಕೊಡುವ ಪ್ಯಾಕೇಜನ್ನೇ ಬಳಸಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಪರೀಕ್ಷೆಗೆ ದೊಡ್ಡ ವ್ಯವಸ್ಥೆ ಬೇಡ. ಸರ್ವರಿನ ಒಂದು ಪ್ರತಿಯನ್ನು ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ತೆಗೆದುಕೊಂಡು, ಅಲ್ಲಿ ಹೊಸ ಪಿಎಚ್‌ಪಿ ಹಾಕಿ, ಕೋಣೆ ಕಾದಿರಿಸುವುದರಿಂದ ಹಿಡಿದು ರದ್ದು ಮಾಡುವವರೆಗೆ ಪ್ರತಿಯೊಂದನ್ನೂ ಕೈಯಾರೆ ಮಾಡಿ ನೋಡಿ, ದೋಷಗಳ ಲಾಗನ್ನು ಓದಿ. ಅಲ್ಲಿಂದ ಅತಿಥಿಗಳಿಗೆ ನಿಜವಾದ ಇಮೇಲ್ ಹೋಗದಂತೆ ಮೊದಲೇ ತಡೆದಿಡಿ.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಅಪ್‌ಡೇಟ್ ಹಾಕಿದ ಮಾತ್ರಕ್ಕೆ ಓಡುತ್ತಿರುವ ಪಿಎಚ್‌ಪಿ ಬದಲಾಗುವುದಿಲ್ಲ. ಮರಳಿ ಶುರುಮಾಡುವವರೆಗೂ ಅದು ಹಳೆಯ ಲೈಬ್ರರಿಯನ್ನೇ ಸ್ಮರಣೆಯಲ್ಲಿ ಹಿಡಿದುಕೊಂಡಿರುತ್ತದೆ. 2024ರ ಏಪ್ರಿಲ್‌ನಲ್ಲಿ ಪ್ರಕಟವಾದ ಸಿವಿಇ-2024-2961 ಪಿಎಚ್‌ಪಿಯೊಳಗಿನ ಲೋಪವೇ ಅಲ್ಲ, ಲಿನಕ್ಸಿನ ಗ್ಲಿಬ್‌ಸಿ ಎಂಬ ಮೂಲ ಲೈಬ್ರರಿಯಲ್ಲಿ ಅಕ್ಷರ ಸಂಕೇತಗಳನ್ನು ಮಾರ್ಪಡಿಸುವ ಭಾಗದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಉಳಿದಿದ್ದ ಲೋಪ. ಅದನ್ನು ಬಳಸಿ ಪಿಎಚ್‌ಪಿಯ ಮೂಲಕ ಸರ್ವರನ್ನು ಹಿಡಿಯಬಹುದೆಂದು ಸಂಶೋಧಕರು ತೋರಿಸಿದರು. ಇಂತಹವು ಪಿಎಚ್‌ಪಿಯ ಪಟ್ಟಿಯನ್ನು ಮಾತ್ರ ಗಮನಿಸುವವರ ಕಣ್ಣಿಗೆ ಬೀಳುವುದಿಲ್ಲ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸೆರ್ಟ್-ಇನ್‌ನ ಎಚ್ಚರಿಕೆಗಳನ್ನೂ ನೋಡುತ್ತಿರಿ. 2022ರ ಏಪ್ರಿಲ್ 28ರ ಅದರ ನಿರ್ದೇಶನದಂತೆ ಸರ್ವರಿಗೆ ಯಾರಾದರೂ ನುಗ್ಗಿದ್ದು ಗೊತ್ತಾದ 6 ಗಂಟೆಗಳೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ಸಂಘದವರಿಗೂ ಇದನ್ನು ತಿಳಿಸಿಡಿ.

ಸಮಯದ ಬಗ್ಗೆ ಒಂದು ಮಾತು. ಡಿಸೆಂಬರಿನಿಂದ ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಸಂಘದ ತಂತ್ರಾಂಶವನ್ನು ಮುಟ್ಟಲು ಯಾರೂ ಬಿಡುವುದಿಲ್ಲ, ಹೋಂಸ್ಟೇಗಳೂ ಆಗ ತುಂಬಿರುತ್ತವೆ. ಜುಲೈ ತಿಂಗಳಿನ ವಾರದ ದಿನಗಳಲ್ಲಿ ಬುಕಿಂಗ್ ಕಡಿಮೆ; ಆದರೆ ಮರ ಬಿದ್ದು ಕರೆಂಟ್ ಹೋಗುವುದೂ ಇಂಟರ್ನೆಟ್ ಕಡಿಯುವುದೂ ಆಗಲೇ. ಹಾಗಾಗಿ ಆಗ ಕೆಲಸ ಮಾಡುವುದಾದರೆ, ಸರ್ವರಿಗೆ ಲಾಗಿನ್ ಆದ ಕೂಡಲೇ ಟಿಮಕ್ಸ್ ಅಥವಾ ಸ್ಕ್ರೀನ್ ಎಂಬ ಪ್ರೋಗ್ರಾಂ ತೆರೆದು ಅದರೊಳಗೇ ಅಪ್‌ಡೇಟ್ ಶುರುಮಾಡಿ. ನಮ್ಮ ಕಡೆಯ ಸಂಪರ್ಕ ಕಡಿದರೂ ಅಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ, ಇಂಟರ್ನೆಟ್ ಬಂದಾಗ ಮತ್ತೆ ಸೇರಿಕೊಳ್ಳಬಹುದು; ಇಲ್ಲದಿದ್ದರೆ ಪ್ಯಾಕೇಜುಗಳು ಅರ್ಧ ಹಳೆಯವು ಅರ್ಧ ಹೊಸವಾಗಿ ಉಳಿಯುವ ಸಾಧ್ಯತೆ ಇದೆ. ಸಂಘದ ಕಂಪ್ಯೂಟರಿನ ಕೆಲಸವನ್ನು ಯುಪಿಎಸ್ ಬ್ಯಾಟರಿ ಪರೀಕ್ಷಿಸಿದ ಮೇಲೆಯೇ, ಡೇಟಾಬೇಸಿನ ಬ್ಯಾಕಪ್ಪನ್ನು ಬೇರೊಂದು ಡಿಸ್ಕಿಗೆ ತೆಗೆದು, ಅದನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿದ ನಂತರ ಶುರುಮಾಡಿ.